ಎಡಗೈಯಾ, ಬಲಗೈಯಾ?

ಮಂಡಿ ನೋವು ಶುರುವಾದ ಮೇಲೆ ಅಮ್ಮ ಈಳಿಗೆ ಮಣೆ ಬಿಟ್ಟಳು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ನಲವತ್ತು ವರ್ಷ ಅದರ ಮೇಲೆ ಕೂತು ಹೆಚ್ಚಿದವಳು. ಬಾಳೆದಿಂಡು ಕಾಗದದ ಹಾಗೆ ತೆಳ್ಳಗೆ ಬೀಳುತ್ತಿತ್ತು. ಈಗ ಕಟ್ಟೆ ಮುಂದೆ ನಿಂತು ಚಾಕುವಿನಲ್ಲಿ ಹೆಚ್ಚಬೇಕು. ನಾನು ಬೆಂಗಳೂರಿನಿಂದ ತಂದುಕೊಟ್ಟ ಒಂದು ಚಾಕುವೂ ಅವಳಿಗೆ ಸರಿಬರಲಿಲ್ಲ. "ಇದು ಹೆಚ್ಚೋದಿಲ್ಲ ಕಣೇ, ಎಲ್ಲೆಲ್ಲೋ ಓಡುತ್ತೆ" ಅನ್ನುತ್ತಿದ್ದಳು. ವಯಸ್ಸಾಯ್ತು, ಕೈ ನಡುಗುತ್ತಿರಬೇಕು ಅಂತ ನಾನು ಅಂದುಕೊಂಡಿದ್ದೆ.

ಕಳೆದ ನವೆಂಬರಿನಲ್ಲಿ ಅವಳನ್ನು ಕರೆದುಕೊಂಡು ಜಪಾನಿನ ಒಸಾಕಾಗೆ ಹೋಗಿದ್ದೆ. ಐದು ದಿನ ಇದ್ದೆವು. ಅದರಲ್ಲಿ ಒಂದು ದಿನದ ಕಥೆ ಇದು.

ಮೊದಲು ಹಿಂದಿನ ರಾತ್ರಿಯ ಮಾತು ಹೇಳಬೇಕು. ಉದೊನ್ ಅನ್ನುವ ಶಾವಿಗೆಯ ಒಂದು ಪುಟ್ಟ ಅಂಗಡಿಗೆ ಹೋಗಿದ್ದೆವು. "ತರಕಾರಿ ಮಾತ್ರ, ಮಾಂಸ ಬೇಡ, ಮೀನು ಬೇಡ" ಅಂತ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಅವರು ಖುಷಿಯಿಂದ ತಲೆಯಾಡಿಸಿದರು. ಬಿಸಿಬಿಸಿ ಸಾರು, ದಪ್ಪ ಶಾವಿಗೆ, ಮೇಲೆ ಸಿಹಿ ಹಾಕಿ ಬೇಯಿಸಿದ ಕರಿದ ತೋಫು ಬಂತು. ಎರಡನೇ ಚಮಚಕ್ಕೇ ಅಮ್ಮ ಕೈ ನಿಲ್ಲಿಸಿದಳು. "ಮೀನಿನ ವಾಸನೆ" ಅಂದಳು. ನಿಜ. ಜಪಾನಿನ ಹೆಚ್ಚಿನ ಸಾರಿಗೆ ತಳಹದಿ ದಾಶಿ. ಸಾಮಾನ್ಯವಾಗಿ ಒಣಗಿಸಿ ಹೊಗೆ ಕೊಟ್ಟ ಮೀನನ್ನು ಹೆರೆದು ಕುದಿಸಿ ತೆಗೆದ ನೀರು ಅದು. ಕತ್ಸುವೊಬುಶಿ ಅಂತಾರೆ ಆ ಮೀನಿಗೆ. ಅಲ್ಲಿಯವರಿಗೆ ಅದು ಮೀನಿನ ಲೆಕ್ಕಕ್ಕೆ ಬರುವುದೇ ಇಲ್ಲ, ನಮಗೆ ಒಗ್ಗರಣೆ ಇದ್ದ ಹಾಗೆ. ಅಂಗಡಿಯವರ ತಪ್ಪಲ್ಲ, ನಾನು ಸರಿಯಾಗಿ ಕೇಳಲಿಲ್ಲ. ಅಮ್ಮ ಒಂದು ಮಾತೂ ಆಡಲಿಲ್ಲ. ಬಾಯಿ ತೊಳೆದುಕೊಂಡು ಬಂದು ಸುಮ್ನೆ ಕೂತಳು. ಆ ಮೌನ ನನಗೆ ತುಂಬಾ ಕಷ್ಟವಾಯಿತು.

ಹೋಟೆಲಿಗೆ ಬಂದು ರಿಸೆಪ್ಷನ್ ಹುಡುಗಿಗೆ ಹೇಳಿಕೊಂಡೆ. ಅವಳು ಒಂದು ಕಾರ್ಡ್ ತೆಗೆದುಕೊಂಡು ಜಪಾನಿ ಭಾಷೆಯಲ್ಲಿ ದುಂಡಗೆ ಬರೆದುಕೊಟ್ಟಳು: ಮಾಂಸ, ಮೀನು, ಮೊಟ್ಟೆ ಬೇಡ. ಮೀನಿನ ದಾಶಿಯೂ ಬೇಡ. ಕೊಂಬು ದಾಶಿ ಆಗುತ್ತದೆ. ಕೊಂಬು ಅಂದರೆ ಒಣಗಿಸಿದ ಕಡಲಪಾಚಿ. ಉಳಿದ ದಿನವೆಲ್ಲ ಆ ಕಾರ್ಡೇ ನಮಗೆ ಅನ್ನ ಹಾಕಿತು. ಸಸ್ಯಾಹಾರಿಗಳು ಯಾರೇ ಜಪಾನಿಗೆ ಹೋದರೂ ದಾಶಿ ಅನ್ನುವ ಒಂದು ಶಬ್ದ ಕಲಿತು ಹೋಗಿ.

ಮರುದಿನ ಬೆಳಿಗ್ಗೆ ಒಸಾಕಾ ಕೋಟೆ. ಆಗಿನ ದೊಡ್ಡ ಸೇನಾನಾಯಕ ತೊಯೊತೊಮಿ ಹಿದೆಯೊಶಿ 1583ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ಈಗ ನಿಂತಿರುವ ಗೋಪುರ 1931ರಲ್ಲಿ ಊರಿನ ಜನರೇ ಚಂದಾ ಎತ್ತಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಒಳಗೆ ಲಿಫ್ಟ್ ಇದೆ. ಮಂಡಿ ನೋವಿನವರಿಗೆ ಅನುಕೂಲ. ನನಗೆ ಗೋಪುರಕ್ಕಿಂತ ಹಿಡಿಸಿದ್ದು ಕೆಳಗಿನ ಗೋಡೆಯ ತಾಕೊ ಇಶಿ ಅನ್ನುವ ಕಲ್ಲು. ಒಂದೇ ಕಲ್ಲು, ತೂಕ ಸುಮಾರು 108 ಟನ್ ಅಂತ ಅಂದಾಜು. ಅದರ ಮುಂದೆ ಅಮ್ಮ ಇರುವೆಯ ಹಾಗೆ ಕಂಡಳು. ಫೋಟೋ ತೆಗೆದುಕೊಂಡು ಮೆಟ್ರೋ ಹಿಡಿದೆವು.

ಒಸಾಕಾದಲ್ಲಿ ಎಸ್ಕಲೇಟರ್ ಮೇಲೆ ಬಲಕ್ಕೆ ನಿಲ್ಲಬೇಕು. ಟೋಕಿಯೋದಲ್ಲಿ ಎಡಕ್ಕೆ. ಒಂದೇ ದೇಶ, ಎರಡು ಪದ್ಧತಿ. ಅಮ್ಮ ಮರೆತು ಎಡಕ್ಕೇ ನಿಲ್ಲುತ್ತಿದ್ದಳು. ಹಿಂದಿನವರು ತಾಳ್ಮೆಯಿಂದ ಕಾಯುತ್ತಿದ್ದರು. ನಾನು ಪ್ರತಿ ಸಲ "ಅಮ್ಮ, ಬಲಕ್ಕೆ" ಅಂತ ಎಳೆಯುತ್ತಿದ್ದೆ.

ನಿಪ್ಪೊಂಬಾಶಿ ಸ್ಟೇಷನ್ನಿನಲ್ಲಿ ಇಳಿದರೆ ಕುರೊಮೊನ್ ಮಾರ್ಕೆಟ್ ಹತ್ತಿರ. ಮೇಲೆ ಚಾವಣಿ ಇರುವ ಉದ್ದನೆಯ ಓಣಿ. ಸುಮಾರು 580 ಮೀಟರ್, ನೂರೈವತ್ತು ಅಂಗಡಿ. ಹಿಂದಿನ ಕಾಲದಲ್ಲಿ ದೇಶದ ಎಲ್ಲ ಕಡೆಯ ಅಕ್ಕಿ ಒಸಾಕಾದ ಉಗ್ರಾಣಗಳಿಗೆ ಬರುತ್ತಿತ್ತು. ಅದಕ್ಕೇ ಈ ಊರಿಗೆ 'ದೇಶದ ಅಡುಗೆಮನೆ' ಅಂತ ಹೆಸರು. ಕ್ಯೋಟೋದವರು ಬಟ್ಟೆಗೆ ಸುರಿದು ಹಾಳಾಗುತ್ತಾರೆ, ಒಸಾಕಾದವರು ತಿಂದು ಹಾಳಾಗುತ್ತಾರೆ ಅಂತ ಅವರಲ್ಲಿ ಗಾದೆಯೇ ಇದೆ.

ಮಾರ್ಕೆಟ್ಟಿನಲ್ಲಿ ಮೀನೇ ಜಾಸ್ತಿ. ಅಮ್ಮ ಸೆರಗು ಮೂಗಿಗೆ ಹಿಡಿದು ನಡೆದಳು. ಆದರೂ ನಮಗೆ ಸಿಗುವಂಥದ್ದು ಬೇಕಾದಷ್ಟಿತ್ತು. ತೋಫು ಅಂಗಡಿಯಲ್ಲಿ ಬೆಚ್ಚಗಿನ ಸೋಯಾ ಹಾಲು ಕುಡಿದೆವು. ಸುಟ್ಟ ಗೆಣಸು ಸಿಕ್ಕಿತು. ಸಿಪ್ಪೆ ಬಿಡಿಸಿದರೆ ಒಳಗೆ ಜೇನಿನ ಬಣ್ಣ, ಅಂಟಂಟು. ಅಮ್ಮನ ಮುಖ ಆಗ ಅರಳಿತು. "ಹಂಡೆ ಒಲೆಯ ಕೆಂಡದಲ್ಲಿ ಸುಟ್ಟ ಹಾಗೇ ಇದೆ" ಅಂದಳು. ಕಾರ್ಡ್ ತೋರಿಸಿ ಉಪ್ಪಿನಲ್ಲಿ ಹಾಕಿದ ಮೂಲಂಗಿಯನ್ನೂ ಕೇಳಿ ಕೇಳಿ ಕೊಂಡೆ. ನವೆಂಬರ್ ಅಂದರೆ ಕಾಕಿ ಹಣ್ಣಿನ ಕಾಲ. ಟೊಮೇಟೊ ಆಕಾರ, ಕಿತ್ತಳೆ ಬಣ್ಣ. ಪಕ್ಕದ ವಾಕಾಯಾಮಾ ಪ್ರಾಂತ್ಯ ಇದಕ್ಕೆ ಹೆಸರುವಾಸಿ. ನಾಲ್ಕು ಹಣ್ಣು ಚೀಲಕ್ಕೆ ಹಾಕಿಕೊಂಡೆವು. ಅಲ್ಲಿ ನಡೆಯುತ್ತಾ ತಿನ್ನುವುದು ಚೆನ್ನಾಗಿ ಕಾಣುವುದಿಲ್ಲ. ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದು, ಕಸವನ್ನು ಅಲ್ಲೇ ಕೊಟ್ಟು ಹೋಗಬೇಕು. ರಸ್ತೆಯಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ.

ಅಲ್ಲಿಂದ ಕಾಲ್ನಡಿಗೆಯಲ್ಲಿ ಸ್ವಲ್ಪವೇ ದೂರ ದೋಗುಯಾಸುಜಿ. ಇದು ಅಡುಗೆ ಸಾಮಾನಿನ ಬೀದಿ. ಉದ್ದ 150 ಮೀಟರ್ ಇದ್ದರೆ ಹೆಚ್ಚು. ಹೋಟೆಲಿನವರು ಪಾತ್ರೆ ಕೊಳ್ಳಲು ಬರುವ ಜಾಗ. ಆದರೆ ನನ್ನನ್ನು ಕೇಳಿದರೆ ಒಸಾಕಾದಲ್ಲಿ ಇದೊಂದನ್ನು ತಪ್ಪಿಸಿಕೊಳ್ಳಬೇಡಿ. ಅಂಗಡಿ ಮುಂದೆ ನೇತುಹಾಕುವ ಕೆಂಪು ಲಾಟೀನು, ಮರದ ಸೌಟು, ಊಟದ ಬಟ್ಟಲು, ಹೋಟೆಲಿನ ಮುಂದೆ ಪ್ರದರ್ಶನಕ್ಕಿಡುವ, ನೋಡಿದರೆ ಬಾಯಲ್ಲಿ ನೀರೂರುವ ಪ್ಲಾಸ್ಟಿಕ್ ತಿಂಡಿಗಳು. ಅಮ್ಮ ಒಂದು ಕಬ್ಬಿಣದ ಕಾವಲಿ ಮುಂದೆ ನಿಂತುಬಿಟ್ಟಳು. "ಗುಳಿಯಪ್ಪದ ಕಾವಲಿ ಅಲ್ವೇನೇ?" ಅದು ತಾಕೊಯಾಕಿ ಮಾಡುವ ಕಾವಲಿ. ಒಸಾಕಾದ್ದೇ ತಿಂಡಿ, ಒಳಗೆ ಆಕ್ಟೋಪಸ್ ತುಂಡು ಇರುತ್ತದೆ. ಗುಳಿ ಮಾತ್ರ ನಮ್ಮದೇ ಅಳತೆ. ಅಮ್ಮ ಗುಳಿಯಲ್ಲಿ ಬೆರಳಿಟ್ಟು ಆಳ ನೋಡಿದಳು.

ಚಾಕುವಿನ ಅಂಗಡಿ ಅದರ ಎದುರಿಗೇ ಇತ್ತು. ಅರವತ್ತರ ಆಸುಪಾಸಿನ ಒಬ್ಬರು ನೀಲಿ ಏಪ್ರನ್ ಕಟ್ಟಿಕೊಂಡು ನಿಂತಿದ್ದರು. ಗೋಡೆ ತುಂಬಾ ಚಾಕು. "ಅಮ್ಮನಿಗೆ ಬೇಕು, ತರಕಾರಿ ಹೆಚ್ಚೋದಕ್ಕೆ" ಅಂತ ಫೋನಿನಲ್ಲಿ ತೋರಿಸಿದೆ. ಎಷ್ಟು ಬೆಲೆಯದು ಬೇಕು ಅಂತ ಅವರು ಕೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅಮ್ಮನ ಕಡೆ ತಿರುಗಿ ತಲೆಬಾಗಿಸಿ ತಮ್ಮ ಎರಡೂ ಕೈ ಮುಂದೆ ಚಾಚಿದರು. "ಮಿಗಿ? ಹಿದಾರಿ?" ಬಲಗೈಯಾ, ಎಡಗೈಯಾ?

ಅಮ್ಮನಿಗೆ ಅರ್ಥವಾಯಿತು. ಅನುವಾದ ಬೇಕಾಗಲಿಲ್ಲ. ಆದರೆ ಉತ್ತರ ಹೇಳಲಿಲ್ಲ. ನನ್ನ ಮುಖ ನೋಡಿದಳು.

ಅಮ್ಮ ಎಡಚಿ. ಅದು ನನಗೆ ಗೊತ್ತಿತ್ತು, ಆದರೆ ಅವಳ ಬಾಲ್ಯದ ಕಥೆಯಾಗಿ ಮಾತ್ರ ಗೊತ್ತಿತ್ತು. ಶಾಲೆಯಲ್ಲಿ ಎಡಗೈಯಲ್ಲಿ ಬಳಪ ಹಿಡಿದರೆ ಮೇಷ್ಟ್ರು ಗೆಣ್ಣಿನ ಮೇಲೆ ಹೊಡೆಯುತ್ತಿದ್ದರಂತೆ. ಅಜ್ಜಿ ಊಟಕ್ಕೆ ಕೂರಿಸುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಲು ಹೇಳುತ್ತಿದ್ದರಂತೆ. ಈಗ ಬಲಗೈಯಲ್ಲೇ ಬರೆಯುತ್ತಾಳೆ, ಉಣ್ಣುತ್ತಾಳೆ, ಆರತಿ ಎತ್ತುತ್ತಾಳೆ. ಮುಗಿದ ಕಥೆ ಅಂತ ನಾನು ಅಂದುಕೊಂಡಿದ್ದೆ. ಈಳಿಗೆ ಮಣೆಯಲ್ಲಿ ಅಲಗು ನಿಂತೇ ಇರುತ್ತದೆ. ಎರಡೂ ಕೈ ಸೇರಿ ತರಕಾರಿ ಒತ್ತುತ್ತವೆ. ಯಾವ ಕೈ ಮುಂದು, ಯಾವುದು ಹಿಂದು ಅಂತ ಯಾರು ನೋಡುತ್ತಾರೆ? ಅಲ್ಲಿ ಅವಳ ಎಡಗೈಯನ್ನು ಯಾರೂ ಬೈದಿರಲಿಲ್ಲ.

"ಹೇಳಮ್ಮ" ಅಂದೆ. ಅವಳು ನಿಧಾನವಾಗಿ ಎಡಗೈ ಎತ್ತಿದಳು.

ಅವರಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ. "ಹಾಯ್" ಅಂತ ತಲೆಯಾಡಿಸಿ ಎರಡು ಚಾಕು ತೆಗೆದು ಬಟ್ಟೆಯ ಮೇಲಿಟ್ಟರು. ಆಮೇಲೆ ಒಂದು ಮೂಲಂಗಿ ತಂದು ತೋರಿಸಿದರು. ಮೊದಲನೆಯದು ಉಸುಬಾ. ಅದಕ್ಕೆ ಒಂದೇ ಕಡೆ ಇಳಿಜಾರು, ಇನ್ನೊಂದು ಕಡೆ ಚಪ್ಪಟೆ. ಬಲಗೈಯವರಿಗೆ ಮಾಡಿದ್ದನ್ನು ಎಡಗೈಯಲ್ಲಿ ಹಿಡಿದರೆ ಅಲಗು ನೇರ ಇಳಿಯದೆ ಒಂದು ಕಡೆಗೆ ಎಳೆಯುತ್ತದೆ. ತಾವೇ ಎಡಗೈಯಲ್ಲಿ ಹಿಡಿದು ಹೆಚ್ಚಿ ತೋರಿಸಿದರು. ಹೋಳು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬಂತು. ಅಮ್ಮ ತಟ್ಟನೆ ನನ್ನ ತೋಳು ಹಿಡಿದಳು. "ಇದೇ ಕಣೇ! ಹೀಗೇ ಓಡೋದು!"

ನನ್ನ ಮನಸ್ಸಿಗೆ ಆಗ ಮನೆಯ ಚಾಕು ಬಂತು. ಗರಗಸದ ಹಲ್ಲಿನ ಅಗ್ಗದ ಚಾಕುಗಳಿಗೆ ಸಾಮಾನ್ಯವಾಗಿ ಒಂದೇ ಕಡೆ ಸಾಣೆ ಹಿಡಿದಿರುತ್ತಾರೆ. ಅದೂ ಬಲಗೈಯವರ ಕಡೆಗೆ. ನಾನು ತಂದುಕೊಟ್ಟದ್ದೆಲ್ಲ ಅಂಥವೇ. ಅಮ್ಮನ ಕೈ ನಡುಗುತ್ತಿರಲಿಲ್ಲ. ಮೂರು ವರ್ಷ ಅವಳು ಸರಿಯಾಗೇ ಹೇಳುತ್ತಿದ್ದಳು.

ಎರಡನೆಯದು ನಾಕಿರಿ. ಎರಡೂ ಕಡೆ ಸಮನಾಗಿ ಸಾಣೆ ಹಿಡಿದದ್ದು, ತುದಿ ಚೂಪಿಲ್ಲ, ತೆಳ್ಳನೆ ಆಯತ. ತರಕಾರಿಗೆಂದೇ ಇರುವುದು. ಹಿಡಿ ಎಂಟು ಮೂಲೆಯದು, ಹಾಗಾಗಿ ಯಾವ ಕೈಗಾದರೂ ಕೂರುತ್ತದೆ. ಕೆಲವು ಹಿಡಿಗಳಿಗೆ ಬಲಗೈ ಬೆರಳಿಗೆ ತಕ್ಕ ಏಣು ಇರುತ್ತದೆ, ಅದು ಬೇಡ ಅಂತ ಪಕ್ಕಕ್ಕಿಟ್ಟರು. ಚಾಕುವನ್ನು ಅಮ್ಮನ ಕೈಗೆ ಕೊಡಲಿಲ್ಲ. ಹಿಡಿ ಅವಳ ಕಡೆ ಮಾಡಿ ಬಟ್ಟೆಯ ಮೇಲಿಟ್ಟರು. ನಮ್ಮಲ್ಲೂ ಕತ್ತಿ ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆ ಅಂತಾರೆ. ಅಮ್ಮನಿಗೆ ಅದು ಹಿಡಿಸಿತು.

ಎಡಗೈಯಲ್ಲಿ ತೆಗೆದುಕೊಂಡು ಮೂಲಂಗಿ ಹೆಚ್ಚಿದಳು. ಮೊದಲ ಹೋಳು ದಪ್ಪ. ಎರಡನೆಯದು ಪರವಾಗಿಲ್ಲ. ಐದನೆಯದರ ಹೊತ್ತಿಗೆ ಕೆಳಗಿನ ಹಲಗೆಯ ಗೆರೆ ಅದರ ಮೂಲಕ ಕಾಣುತ್ತಿತ್ತು. ಸದ್ದೇ ಇಲ್ಲ. ನಾವು ಮೂವರೂ ಸುಮ್ಮನೆ ಆ ಹೋಳನ್ನೇ ನೋಡಿದೆವು.

ಚಾಕು ಸಕಾಯಿಯದು. ಒಸಾಕಾದ ದಕ್ಷಿಣಕ್ಕೆ ಅಂಟಿಕೊಂಡ ಊರು, ನೂರಾರು ವರ್ಷದಿಂದ ಕಮ್ಮಾರಿಕೆಗೆ ಹೆಸರಾದದ್ದು. ಹದಿನಾರನೇ ಶತಮಾನದಲ್ಲಿ ಜಪಾನಿಗೆ ಹೊಗೆಸೊಪ್ಪು ಬಂದಾಗ ಅದನ್ನು ಹೆಚ್ಚುವ ಚಾಕು ಮಾಡಿ ಪ್ರಸಿದ್ಧಿಗೆ ಬಂತು. ಅಲ್ಲಿ ಕಾಯಿಸಿ ಬಡಿಯುವವರು ಒಬ್ಬರು, ಸಾಣೆ ಹಿಡಿಯುವವರು ಇನ್ನೊಬ್ಬರು, ಹಿಡಿ ಕೂರಿಸುವವರು ಮತ್ತೊಬ್ಬರು. ಇದು ಸ್ಟೇನ್‌ಲೆಸ್ ಸ್ಟೀಲ್ ಅಲ್ಲ, ಬರೀ ಉಕ್ಕು, ತುಕ್ಕು ಹಿಡಿಯುತ್ತದೆ ಅಂತ ಅವರು ಎರಡೆರಡು ಸಲ ಹೇಳಿದರು. ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಬೇಕು. ಅಮ್ಮ ಅದಕ್ಕೆ ಹೆದರಲಿಲ್ಲ. ಬಾಳೆಕಾಯಿ ಹೆಚ್ಚಿದರೆ ಈಳಿಗೆಯೂ ಕಪ್ಪಾಗುತ್ತಿತ್ತು, ಒರೆಸಿ ಕೊಬ್ಬರಿ ಎಣ್ಣೆ ಸವರಿ ಇಡುತ್ತಿದ್ದಳು. "ಹಲಸಿನಕಾಯಿ?" ಅಂತ ಕೇಳಿಸಿದಳು. ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ಎರಡೂ ಕೈ ಅಡ್ಡ ಹಿಡಿದರು. ಬೇಡ. ಸಿಹಿಗುಂಬಳಕ್ಕೂ ಬೇಡ, ತೆಳ್ಳನೆ ಅಲಗು, ಮುಕ್ಕಾಗುತ್ತದೆ. "ಇರಲಿ, ಅದಕ್ಕೆಲ್ಲ ಈಳಿಗೆ ಇದೆ" ಅಂದಳು.

ಹೆಸರು ಕೆತ್ತಿ ಕೊಡುತ್ತೇವೆ, ದುಡ್ಡಿಲ್ಲ ಅಂದರು. ನಾನು ಕಾಗದದ ಮೇಲೆ ಕನ್ನಡದಲ್ಲಿ 'ಅಮ್ಮ' ಅಂತ ಬರೆದುಕೊಟ್ಟೆ. ಅವರು ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದರು. ಯಾವುದು ಮೇಲು, ಯಾವುದು ಕೆಳಗು ಅಂತ ಬೆರಳಲ್ಲಿ ಕೇಳಿದರು. ಉಳಿಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು. ಅವರ ಅಕ್ಷರಗಳಿಗೆ ಹೆಚ್ಚಾಗಿ ನೇರ ಗೀಟು ಸಾಕು, ನಮ್ಮದು ಪೂರ್ತಿ ದುಂಡು. ಅಕಾರದ ಸುತ್ತನ್ನು ಚುಕ್ಕಿ ಚುಕ್ಕಿಯಾಗಿ ಬಳಸಿ ಬಂದರು. ಒತ್ತಕ್ಷರದ ಹತ್ತಿರ ಒಂದು ಸಲ ನಿಲ್ಲಿಸಿ, ಕಾಗದ ನೋಡಿ, ಮತ್ತೆ ಶುರು ಮಾಡಿದರು. ಹತ್ತು ನಿಮಿಷ ಹಿಡಿಯಿತು.

ಬೆಲೆ 14,000 ಯೆನ್. ಸುಮಾರು ಎಂಟು ಸಾವಿರ ರೂಪಾಯಿ. ಆಗ ಒಂದೇ ಅಂಗಡಿಯಲ್ಲಿ 5,000 ಯೆನ್ ಮೇಲೆ ಕೊಂಡರೆ ಪ್ರವಾಸಿಗರಿಗೆ ಶೇ. 10ರ ತೆರಿಗೆ ಬಿಡುತ್ತಿದ್ದರು. ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು, ಫೋಟೋ ನಡೆಯುವುದಿಲ್ಲ. ಅಮ್ಮ ತಾನೇ ದುಡ್ಡು ಕೊಡುತ್ತೇನೆ ಅಂದಳು. ಅಭ್ಯಾಸದಂತೆ ನೋಟನ್ನು ಬಲಗೈಗೆ ಬದಲಿಸಿಕೊಂಡಳು. ಅವರು ಒಂದು ಪುಟ್ಟ ತಟ್ಟೆ ಮುಂದಿಟ್ಟರು. ಅಲ್ಲಿ ದುಡ್ಡು ತಟ್ಟೆಯಲ್ಲೇ ಇಡುವುದು, ಚಿಲ್ಲರೆಯೂ ಅದರಲ್ಲೇ ಬರುವುದು. ಯಾವ ಕೈ ಅನ್ನುವ ಪ್ರಶ್ನೆಯೇ ಇಲ್ಲ. ಡಬ್ಬಿಯನ್ನು ಬಿಗಿಯಾಗಿ ಕಟ್ಟಿ, ಹೋಟೆಲಿಗೆ ಹೋಗುವ ತನಕ ಬಿಚ್ಚಬೇಡಿ ಅಂದರು. ಆರು ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಕಾರಣವಿಲ್ಲದೆ ಹಿಡಿದು ತಿರುಗುವುದು ಅಲ್ಲಿ ಅಪರಾಧ. ವಿಮಾನದಲ್ಲೂ ಚೆಕ್-ಇನ್ ಬ್ಯಾಗಿನಲ್ಲೇ ಹಾಕಬೇಕು. ಹೊರಡುವಾಗ "ಓಕಿನಿ" ಅಂದರು. ಒಸಾಕಾ ಕಡೆಯ ಥ್ಯಾಂಕ್ಸ್ ಅದು.

ಸಂಜೆ ಹೊಜೆಂಜಿಗೆ ಹೋದೆವು. ಗದ್ದಲದ ಬೀದಿಗಳ ನಡುವೆ ಕಲ್ಲು ಹಾಸಿದ ಸಂದಿ, ಅದರಲ್ಲೊಂದು ಪುಟ್ಟ ದೇವಸ್ಥಾನ. ದೇವರು ಫುದೊ ಮ್ಯೊಓ. ಸಂಸ್ಕೃತದಲ್ಲಿ ಅಚಲ. ಭಾರತದಿಂದ ಬೌದ್ಧರ ಜೊತೆ ಹೋದವನು. ಜನ ನೀರು ಎರಚಿ ಎರಚಿ ಮೂರ್ತಿಯ ಮೇಲೆಲ್ಲ ದಪ್ಪ ಪಾಚಿ ಬೆಳೆದಿದೆ. ಕಣ್ಣು ಮೂಗು ಏನೂ ಕಾಣುವುದಿಲ್ಲ, ಹಸಿರು ಮಾತ್ರ. ಮಳೆಗಾಲದಲ್ಲಿ ನಮ್ಮ ಕಡೆಯ ಕಲ್ಲೆಲ್ಲ ಹೀಗೇ ಆಗುತ್ತವೆ. ಅಮ್ಮ ಸೌಟನ್ನು ಎಡಗೈಯಲ್ಲಿ ಎತ್ತಿಕೊಂಡಳು. ತಕ್ಷಣ ಬಲಗೈಗೆ ಬದಲಿಸಿ ನೀರು ಹಾಕಿದಳು. ಕಣ್ಣು ಮುಚ್ಚಿ ತುಂಬಾ ಹೊತ್ತು ನಿಂತಳು.

ದೊತೊಂಬೊರಿ ಅಲ್ಲಿಂದ ಎರಡು ಹೆಜ್ಜೆ. 1615ರಲ್ಲಿ ತೋಡಿ ಮುಗಿಸಿದ ಕಾಲುವೆ, ಈಗ ಅದರ ಎರಡೂ ದಡದಲ್ಲಿ ದೀಪವೋ ದೀಪ. ಗ್ಲಿಕೊ ಅನ್ನುವ ಮಿಠಾಯಿ ಕಂಪನಿಯ, ಓಡುತ್ತಿರುವ ಮನುಷ್ಯನ ಫಲಕದ ಮುಂದೆ ಎಲ್ಲರಂತೆ ನಾವೂ ಫೋಟೋ ತೆಗೆಸಿಕೊಂಡೆವು. ಜನ ತುಂಬಾ ಜಾಸ್ತಿ, ಬೇಗ ಹೊರಟೆವು.

ರೂಮಿಗೆ ಬಂದು ಅಮ್ಮ ಕಾಲು ನೀಡಿ ಕೂತಳು. ಡಬ್ಬಿ ಬಿಚ್ಚು ಅಂದಳು. ಚಾಕು ತೊಳೆದು, ಒರೆಸಿ, ಚೀಲದಿಂದ ಒಂದು ಕಾಕಿ ಹಣ್ಣು ತೆಗೆದಳು. ತಟ್ಟೆಯ ಮೇಲಿಟ್ಟು ಎಡಗೈಯಲ್ಲಿ ಹೆಚ್ಚತೊಡಗಿದಳು. ಒಳಗೆ ಹೂವಿನಂಥ ಎಂಟು ಎಸಳಿನ ಗುರುತು.

"ಅವರಿಗೆ ಹೇಗೆ ಗೊತ್ತಾಯ್ತೇ, ನನ್ನನ್ನ ಹಾಗೆ ಕೇಳಬೇಕು ಅಂತ?"

"ಗೊತ್ತಾಗಿದ್ದಲ್ಲಮ್ಮ. ಚಾಕು ಕೊಳ್ಳೋಕೆ ಬಂದವರನ್ನೆಲ್ಲ ಕೇಳ್ತಾರೆ."

"ಎಲ್ಲರನ್ನೂ ಕೇಳ್ತಾರಾ?" ಅಂದಳು. ಇನ್ನೊಂದು ಹೋಳು ಹೆಚ್ಚಿದಳು.