ಕಲ್ಲಿನ ಮೆಟ್ಟಿಲುಗಳ ಮೇಲೆ ಹಿಮಾಲಯನ್: ಅರಿಜೋನಾ–ಯೂಟಾ ಸವಾರಿಯ ಲಾಗ್

ಫೀನಿಕ್ಸ್, ಹೊರಡುವ ಹಿಂದಿನ ವಾರ

ಈ ಸವಾರಿಗೆ ಒಂದು ಗುರಿ ಇದೆ. ಉತ್ತರ ಅರಿಜೋನಾದಿಂದ ದಕ್ಷಿಣ ಯೂಟಾದ ಕಡೆ ಹೋಗುವಾಗ ನೆಲ ದೊಡ್ಡ ದೊಡ್ಡ ಮೆಟ್ಟಿಲುಗಳಾಗಿ ಏರುತ್ತದೆ. ಒಂದೊಂದು ಮೆಟ್ಟಿಲೂ ಒಂದೊಂದು ಬಣ್ಣದ ಬಂಡೆಗೋಡೆ. ಕೆಳಗಿನದು ಹಳೆಯ ಕಲ್ಲು, ಮೇಲಕ್ಕೆ ಹೋದಷ್ಟೂ ಹೊಸದು. ಇದಕ್ಕೆ ಗ್ರ್ಯಾಂಡ್ ಸ್ಟೇರ್‌ಕೇಸ್ ಎನ್ನುತ್ತಾರೆ. 1870ರ ದಶಕದಲ್ಲಿ ಇಲ್ಲಿ ಸರ್ವೆ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಇದನ್ನು ಮೊದಲು ಮೆಟ್ಟಿಲಾಗಿ ಕಂಡವರು. ಕಾರಿನಲ್ಲಿ ಈ ದಾರಿ ಸುತ್ತಿದ್ದೇನೆ. ಎಸಿ ಹಾಕಿಕೊಂಡು ಕೂತರೆ ಮೆಟ್ಟಿಲು ಗೊತ್ತೇ ಆಗುವುದಿಲ್ಲ. ಬೈಕಿನಲ್ಲಿ ಹಾಗಲ್ಲ. ಎತ್ತರ ಬದಲಾದ ಹಾಗೆ ಗಾಳಿಯ ಬಿಸಿ, ಗಿಡದ ವಾಸನೆ, ಇಂಜಿನ್ನಿನ ಎಳೆತ ಎಲ್ಲ ಬದಲಾಗುತ್ತದೆ. ಅದು ಮೈಗೆ ತಾಗಬೇಕು ಅನ್ನುವುದೇ ನನ್ನ ಆಸೆ.

ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿ. 24 ಎಚ್‌ಪಿ ಚಿಲ್ಲರೆ ಶಕ್ತಿ, 15 ಲೀಟರ್ ಟ್ಯಾಂಕ್, ಕಡ್ಡಿ ಚಕ್ರ, ಟ್ಯೂಬ್ ಟೈರ್. ಜೊತೆಗೆ ಬರುವವನು ಭಾಮೈದ, ದಾವಣಗೆರೆ ಹುಡುಗ, ಟೆಂಪಿಯಲ್ಲಿ ಓದುತ್ತಿದ್ದಾನೆ. ಅವನದು ಸೆಕೆಂಡ್ ಹ್ಯಾಂಡ್ ಸುಜುಕಿ ವಿ-ಸ್ಟ್ರಾಮ್ 650. ಅವನ ಗಾಡಿಗೆ ಟ್ಯೂಬ್‌ಲೆಸ್ ಟೈರ್, ದೊಡ್ಡ ಟ್ಯಾಂಕ್, ಜಾಸ್ತಿ ಶಕ್ತಿ. ಆದರೂ ವೇಗ ನನ್ನ ಗಾಡಿಯದೇ ಎಂದು ಮೊದಲೇ ಮಾತಾಗಿದೆ. ಗಂಟೆಗೆ 90ರಿಂದ 100 ಕಿಮೀ. ಅದಕ್ಕೇ ವೇಗದ ಇಂಟರ್‌ಸ್ಟೇಟ್ ಹೆದ್ದಾರಿ ಹಿಡಿಯುವುದಿಲ್ಲ. ಪೇಸನ್ ಮೇಲೆ ಹೋಗಿ ಲೇಕ್ ಮೇರಿ ರೋಡ್‌ನಲ್ಲಿ ಫ್ಲ್ಯಾಗ್‌ಸ್ಟಾಫ್ ಸೇರುತ್ತೇವೆ.

ಆಗಿರುವ ಕೆಲಸ: ಆಯಿಲ್ ಬದಲಾಯಿತು, ಟ್ಯಾಪೆಟ್ ಕ್ಲಿಯರೆನ್ಸ್ (ಇಂಜಿನ್ ವಾಲ್ವಿನ ಸಂದು) ನೋಡಿದ್ದಾಯಿತು, ಹೊಸ ಏರ್ ಫಿಲ್ಟರ್, ಹೊಸ ಬ್ರೇಕ್ ಪ್ಯಾಡ್. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ಟ್ಯೂಬ್, ಟೈರ್ ಲಿವರ್, ಬ್ಯಾಟರಿಯಿಂದ ಓಡುವ ಪುಟ್ಟ ಪಂಪ್ ಬ್ಯಾಗಿಗೆ ಸೇರಿವೆ. ನೀರು ತಲೆಗೆ ದಿನಕ್ಕೆ 4 ಲೀಟರ್. ಇದರಲ್ಲಿ ರಾಜಿ ಇಲ್ಲ. ಈ ಒಣ ಗಾಳಿಯಲ್ಲಿ ಬೆವರು ಬಂದದ್ದೇ ಕಾಣುವುದಿಲ್ಲ, ಬರುತ್ತಲೇ ಆರಿಹೋಗುತ್ತದೆ. ತಿನ್ನಲು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಸಸ್ಯಾಹಾರಿಗಳಿಗೆ ಸಣ್ಣ ಊರುಗಳಲ್ಲಿ ಬೀನ್ಸ್ ಬುರಿಟೊ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ.

ಸೆಪ್ಟೆಂಬರ್ ಕೊನೆಯ ವಾರ ಆರಿಸಿದ್ದಕ್ಕೆ ಕಾರಣ ಇದೆ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿಗೂ ಮಾನ್ಸೂನ್ ಬರುತ್ತದೆ. ಎಲ್ಲೋ ದೂರದಲ್ಲಿ ಸುರಿದ ಮಳೆ ಬಿಸಿಲಿರುವ ಕಣಿವೆಗೆ ಪ್ರವಾಹವಾಗಿ ನುಗ್ಗುತ್ತದೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಮೇಲಿನ ಊರುಗಳಲ್ಲಿ ಹಿಮ. ನಡುವಿನ ಈ ಕಿಂಡಿಯೇ ನಮಗೆ ಸಿಗುವುದು.

ಕಾನಾಬ್

ಫ್ಲ್ಯಾಗ್‌ಸ್ಟಾಫ್ 7,000 ಅಡಿ, ಪೈನ್ ಕಾಡು, ಬೆಳಿಗ್ಗೆ ಜಾಕೆಟ್ಟಿನೊಳಗೂ ನಡುಕ. ಉತ್ತರಕ್ಕೆ 80 ಕಿಮೀ ಇಳಿದು ಕ್ಯಾಮರನ್ ಮುಟ್ಟಿದಾಗ ಕಾಡೇ ಇಲ್ಲ, ಬರೀ ಬಣ್ಣದ ಜೇಡಿ ದಿಬ್ಬ, ನೆತ್ತಿ ಸುಡುವ ಬಿಸಿಲು. ಟೀ ಶರ್ಟ್ ಒದ್ದೆ ಮಾಡಿ ಮೇಲೆ ಜಾಕೆಟ್ ಹಾಕಿದೆವು. ಅರ್ಧ ಗಂಟೆ ತಂಪು, ಆಮೇಲೆ ಮತ್ತೆ ಒದ್ದೆ ಮಾಡಬೇಕು.

ಮಾರ್ಬಲ್ ಕ್ಯಾನಿಯನ್‌ನಲ್ಲಿ ನವಾಹೋ ಸೇತುವೆ. 1929ರದು. ಕೊಲೊರಾಡೊ ನದಿ 467 ಅಡಿ ಕೆಳಗೆ ಹಸಿರಾಗಿ ಹರಿಯುತ್ತದೆ. ಅದಕ್ಕೂ ಮುಂಚೆ ಈ ಭಾಗದಲ್ಲಿ ನದಿ ದಾಟಲು ಲೀಸ್ ಫೆರಿಯ ದೋಣಿಯೇ ಗತಿ. 1995ರಲ್ಲಿ ಪಕ್ಕದಲ್ಲೇ ಇನ್ನೊಂದು ಸೇತುವೆ ಕಟ್ಟಿ, ಹಳೆಯದನ್ನು ನಡೆಯುವವರಿಗೆ ಬಿಟ್ಟಿದ್ದಾರೆ. ಅದರ ಉಕ್ಕಿನ ತೊಲೆಯ ಮೇಲೆ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೊಡ್ಡ ರಣಹದ್ದು ಕೂತಿತ್ತು, ರೆಕ್ಕೆಗೆ ನಂಬರ್ ಪಟ್ಟಿ. ಬಿಚ್ಚಿದರೆ ಒಂಬತ್ತೂವರೆ ಅಡಿ ಅಗಲದ ರೆಕ್ಕೆ. 1982ರಲ್ಲಿ ಇಡೀ ಪ್ರಪಂಚದಲ್ಲಿ ಈ ಹಕ್ಕಿ ಉಳಿದಿದ್ದದ್ದು ಬರೀ 22. ಹಿಡಿದು ಸಾಕಿ, ಮರಿ ಮಾಡಿಸಿ, 1996ರಿಂದ ಎದುರಿನ ವರ್ಮಿಲಿಯನ್ ಕ್ಲಿಫ್ಸ್ ಬಂಡೆಗಳಿಂದ ಹಾರಿಬಿಡುತ್ತಾ ಬಂದಿದ್ದಾರೆ. ಅದು ಎದ್ದು ಕಣಿವೆಯೊಳಗೆ ತೇಲಿಹೋಗುವವರೆಗೂ ನಾವು ಅಲ್ಲಿಂದ ಕದಲಲಿಲ್ಲ.

ಜೇಕಬ್ ಲೇಕ್ ಎಂಬ ಎತ್ತರದ ಊರಿಗೆ ಹತ್ತಿ ಇಳಿಯುವಾಗ ಲಫೀವರ್ ಎಂಬ ವ್ಯೂ ಪಾಯಿಂಟ್ ಬರುತ್ತದೆ. ಮೆಟ್ಟಿಲುಗಳೆಲ್ಲ ಒಟ್ಟಿಗೆ ಕಾಣುವುದು ಇಲ್ಲಿಂದಲೇ. ಚಾಕೊಲೇಟ್ ಬಣ್ಣ, ಕೆಂಪು, ಬಿಳಿ, ಬೂದು, ಎಲ್ಲಕ್ಕಿಂತ ಹಿಂದೆ ತೆಳ್ಳಗೆ ಗುಲಾಬಿ. ನಾವು ನಿಂತಿದ್ದ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷ ಹಳೆಯದು. ಆ ಗುಲಾಬಿ ಗೆರೆಯ ವಯಸ್ಸು ಸುಮಾರು 5 ಕೋಟಿ.

“ನೋಡಿ ಭಾವ, ಆ ತುದಿ ಗೆರೆ. ಅಲ್ಲಿಗೇ ಅಲ್ವಾ ನಾವು ಹೋಗೋದು?”

“ಹೂಂ ಕಣೋ, ಅಲ್ಲಿಗೇ.”

ಸಂಜೆ ಐದಕ್ಕೆಲ್ಲ ಕಾನಾಬ್ ಸೇರಿದೆವು. ಮುಸ್ಸಂಜೆಯಲ್ಲಿ ಈ ರಸ್ತೆಗೆ ಜಿಂಕೆಗಳು ಇಳಿಯುತ್ತವೆ. ಬೈಕಿನವರು ಆ ಹೊತ್ತಿಗೆ ರೂಮಿನಲ್ಲಿರುವುದೇ ಸರಿ. ಯೂಟಾ ಗಡಿ ದಾಟಿದ್ದರಿಂದ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಬೇಸಿಗೆಯಲ್ಲಿ ಅರಿಜೋನಾ ಗಡಿಯಾರ ಬದಲಿಸುವುದಿಲ್ಲ, ಯೂಟಾ ಬದಲಿಸುತ್ತದೆ. ಅರಿಜೋನಾದಲ್ಲೂ ಹರಡಿರುವ ನವಾಹೋ ಮೂಲನಿವಾಸಿಗಳ ನಾಡು ಬದಲಿಸುತ್ತದೆ, ಅದರ ನಡುವಿನ ಹೋಪಿ ಮೂಲನಿವಾಸಿಗಳ ನಾಡು ಬದಲಿಸುವುದಿಲ್ಲ. ಪೆಟ್ರೋಲ್ ಬಂಕ್ ಎಷ್ಟಕ್ಕೆ ಮುಚ್ಚುತ್ತದೆ ಎಂದು ಲೆಕ್ಕ ಹಾಕುವಾಗ ಇದು ನೆನಪಿರಬೇಕು.

ಪೆಟ್ರೋಲ್ ಬಗ್ಗೆ ಇನ್ನೊಂದು ಮಾತು. ಯೂಟಾದಲ್ಲಿ ರೆಗ್ಯುಲರ್ ಎಂದರೆ 85 ಆಕ್ಟೇನ್ (ಇಂಜಿನ್ನಿನಲ್ಲಿ ಬಡಿತವಿಲ್ಲದೆ ಉರಿಯುವ ಗುಣದ ಅಂಕ). ನನ್ನ ಗಾಡಿಗೆ ಕನಿಷ್ಠ 87 ಬೇಕು. ಹಾಗಾಗಿ ಇಲ್ಲಿಂದ ಮುಂದೆ ನಡುವಿನ ಪಂಪಿನ 88.

ಜಯಾನ್, ಪೂರ್ವ ಬಾಗಿಲಿನಿಂದ

ಜಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೆಚ್ಚಿನವರು ಪಶ್ಚಿಮದಿಂದ ಬರುತ್ತಾರೆ. ಬೈಕಿನವರು ಪೂರ್ವದಿಂದಲೇ ಬರಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ. ರಸ್ತೆಗೂ ಕೆಂಪು ಡಾಂಬರು. ಎರಡೂ ಕಡೆ ನವಾಹೋ ಮರಳುಗಲ್ಲಿನ ಅಲೆ ಅಲೆಯಾದ ಬಂಡೆ. ಸುಮಾರು 18 ಕೋಟಿ ವರ್ಷದ ಹಿಂದೆ ಇಲ್ಲಿ ಸಹಾರಾದಂಥ ಮರಳುಗಾಡು ಇತ್ತು. ಗಾಳಿ ಒಟ್ಟಿದ ಮರಳುದಿಬ್ಬಗಳು ಹಾಗೇ ಕಲ್ಲಾಗಿವೆ. ಚೆಕರ್‌ಬೋರ್ಡ್ ಮೇಸಾ ಎಂಬ ಗುಡ್ಡದ ಮೈಮೇಲೆ ಓರೆ ಗೆರೆಗಳಿವೆ. ಒಂದೊಂದು ಗೆರೆಯೂ ಒಂದು ಕಾಲದ ಮರಳುದಿಬ್ಬದ ಇಳಿಜಾರು. ಬಾದಾಮಿ ನೋಡಿದವರಿಗೆ ಈ ಬಣ್ಣ ಹೊಸದಲ್ಲ. ಆದರೆ ಬಾದಾಮಿಯ ಕಲ್ಲು ಇದಕ್ಕಿಂತ ಎಷ್ಟೋ ಪಟ್ಟು ಹಳೆಯದು, ಹೆಚ್ಚಾಗಿ ನದಿ ತಂದು ಹಾಕಿದ ಮರಳಿನದು. ಇದು ಗಾಳಿಯ ಕೆಲಸ.

ಆಮೇಲೆ ಸುರಂಗ. 1930ರಲ್ಲಿ ತೆರೆದದ್ದು, 1.8 ಕಿಮೀ ಉದ್ದ, ಒಳಗೆ ದೀಪವಿಲ್ಲ. ಕಪ್ಪು ಕನ್ನಡಕ ತೆಗೆದಿಟ್ಟು ನುಗ್ಗಿ. ನಡುನಡುವೆ ಬಂಡೆ ಕೊರೆದು ಮಾಡಿದ ಕಿಟಕಿಗಳಿವೆ, ಒಂದು ಕ್ಷಣ ಕೆಂಪು ಬೆಳಕು, ಮತ್ತೆ ಕತ್ತಲೆ. ಆಚೆ ಬಂದರೆ ರಸ್ತೆ ತಿರುವು ತಿರುವಾಗಿ ಕಣಿವೆಯ ತಳಕ್ಕೆ ಇಳಿಯುತ್ತದೆ. ಮುಖ್ಯ ಕಣಿವೆಗೆ ಈ ಸೀಸನ್ನಿನಲ್ಲಿ ನಮ್ಮ ಗಾಡಿ ಬಿಡುವುದಿಲ್ಲ, ಶಟಲ್ ಬಸ್ಸೇ. ವರ್ಜಿನ್ ನದಿಯಲ್ಲಿ ಕಾಲು ಇಳಿಬಿಟ್ಟು ಅವಲಕ್ಕಿ ತಿಂದೆವು.

ಬ್ರೈಸ್

ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಲಫೀವರ್‌ನಿಂದ ಕಂಡ ಆ ಗುಲಾಬಿ ಗೆರೆ. 8,000 ಅಡಿ ದಾಟಿದ ಮೇಲೆ ಹಿಮಾಲಯನ್ ಉಸಿರು ಕಟ್ಟತೊಡಗಿತು. ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಹೋಗುತ್ತದೆ. ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲಿನ ಅಳತೆಯನ್ನು ಸರಿದೂಗಿಸಬಹುದು, ಇಲ್ಲದ ಗಾಳಿಯನ್ನು ಎಲ್ಲಿಂದ ತರುತ್ತದೆ? ಏರಿನಲ್ಲಿ ಒಂದು ಗೇರ್ ಕೆಳಗೇ ಓಡಿಸಿದೆ.

ಇಲ್ಲಿ ಸಾಲುಗಟ್ಟಿ ನಿಂತಿರುವ, ಹುಡೂ ಎಂಬ ಕಲ್ಲುಕಂಬಗಳನ್ನು ನಿಲ್ಲಿಸಿದ್ದು ಚಳಿ. ವರ್ಷದ ಅರ್ಧದಷ್ಟು ದಿನ ಇಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ. ಬಿರುಕಿನ ನೀರು ಮಂಜಾಗಿ ಹಿಗ್ಗಿ ಕಲ್ಲನ್ನು ಒಡೆಯುತ್ತದೆ. ಇಲ್ಲಿನ ಮೂಲನಿವಾಸಿ ಪೈಯೂಟ್ ಜನ ಹೇಳುವುದೇ ಬೇರೆ. ಅವರ ಕತೆಯಲ್ಲಿ ಇವರೆಲ್ಲ ಹಿಂದಿನ ಕಾಲದ ಕೆಟ್ಟ ಜನ, ತೋಳದ ಜಾತಿಯ ಕೊಯೋಟಿ ಇವರನ್ನು ಕಲ್ಲಾಗಿಸಿತು. ಸೂರ್ಯ ಹುಟ್ಟುವಾಗ ನೋಡಿದರೆ ಸಾಲು ಸಾಲಾಗಿ ಮುಖಗಳೇ ಕಾಣುತ್ತವೆ. ಬೆಳಿಗ್ಗೆ ಸೀಟಿನ ಮೇಲೆ ಮಂಜುಗಡ್ಡೆಯ ಪುಡಿ ಇತ್ತು. ಕ್ಯಾಮರನ್‌ನಲ್ಲಿ ಟೀ ಶರ್ಟ್ ಒದ್ದೆ ಮಾಡಿಕೊಂಡ ಅದೇ ನಾವು ಎರಡು ಜೊತೆ ಗ್ಲೌಸ್ ಹಾಕಿದೆವು.

ಟೋರಿ, ಹೈವೇ 12 ಮುಗಿಸಿ

ಈ ರಸ್ತೆಯ ಬಗ್ಗೆ ಬರೆಯದೆ ಮಲಗಲಾರೆ. ಸುಮಾರು 200 ಕಿಮೀ. ಎಸ್ಕಲಾಂಟಿ ದಾಟಿದ ಮೇಲೆ ಹೆಡ್ ಆಫ್ ದ ರಾಕ್ಸ್ ಎಂಬಲ್ಲಿ ನಿಂತರೆ ಕಣ್ಣಿಗೆ ಕಂಡಷ್ಟು ದೂರ ಬರಿಯ ಬಿಳಿ ಬಂಡೆ, ಅದರ ಮೇಲೆ ಕಪ್ಪು ದಾರದ ಹಾಗೆ ನಮ್ಮ ರಸ್ತೆ. ಮುಂದೆ ಹಾಗ್‌ಬ್ಯಾಕ್. ಗುಡ್ಡದ ಬೆನ್ನೇ ರಸ್ತೆಯಷ್ಟು ಅಗಲ. ಎಡಕ್ಕೂ ಪ್ರಪಾತ, ಬಲಕ್ಕೂ ಪ್ರಪಾತ, ತಡೆಗೋಡೆ ಇಲ್ಲ. ಅಡ್ಡಗಾಳಿ ಬೀಸಿದರೆ ನಿಧಾನ ಮಾಡಿ ನಡುಗೆರೆಯ ಹತ್ತಿರ ಇರಬೇಕು. ನೋಡಬೇಕೆಂದರೆ ಗಾಡಿ ನಿಲ್ಲಿಸಿ ನೋಡಬೇಕು. ತಿರುವಿನಲ್ಲಿ ಕಣ್ಣು ಎಲ್ಲಿ ಹೋಗುತ್ತದೋ ಬೈಕೂ ಅಲ್ಲಿಗೇ ಹೋಗುತ್ತದೆ.

ಆಚೆ ಬೋಲ್ಡರ್ ಎಂಬ ಪುಟ್ಟ ಊರು. 1940ರ ಆಸುಪಾಸಿನವರೆಗೂ ಇಲ್ಲಿಗೆ ಟಪಾಲು ಬರುತ್ತಿದ್ದದ್ದು ಹೇಸರಗತ್ತೆಯ ಮೇಲೆ. ಬಂದ ದಾರಿ ನೋಡಿದ ಮೇಲೆ ನಂಬದಿರಲು ಆಗುವುದಿಲ್ಲ. ಅಲ್ಲಿಂದ ಬೋಲ್ಡರ್ ಮೌಂಟನ್, 9,600 ಅಡಿ. ಆಸ್ಪೆನ್ ಮರಗಳು ಪೂರ್ತಿ ಹಳದಿ. ಹೆಲ್ಮೆಟ್ ಗಾಜು ಎತ್ತಿದರೆ ಒದ್ದೆ ಎಲೆಯ ವಾಸನೆ. ಭಾಮೈದ ಮುಂದೆ ಹೋಗಿ ಒಂದು ತಿರುವಿನಲ್ಲಿ ಸುಮ್ನೆ ನಿಂತುಬಿಟ್ಟಿದ್ದ. ನಾನೂ ಪಕ್ಕದಲ್ಲಿ ಇಂಜಿನ್ ಆಫ್ ಮಾಡಿದೆ.

ಹ್ಯಾಂಕ್ಸ್‌ವಿಲ್, ಪಂಕ್ಚರ್

ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನದ ಫ್ರೂಟಾದಲ್ಲಿ ಮಾರ್ಮನ್ ಪಂಥದ ಕುಟುಂಬಗಳು ನೆಟ್ಟ ಹಣ್ಣಿನ ತೋಟಗಳು ಇನ್ನೂ ಇವೆ. ಸೇಬಿನ ಕಾಲ. ಕಿತ್ತು ತೂಕ ಹಾಕಿ ದುಡ್ಡು ಡಬ್ಬಿಗೆ ಹಾಕಿದರಾಯಿತು. ಪಕ್ಕದ ಬಂಡೆಯ ಮೇಲೆ ಫ್ರೀಮಾಂಟ್ ಎಂಬ ಮೂಲನಿವಾಸಿ ಜನ ಸುಮಾರು ಸಾವಿರ ವರ್ಷದ ಹಿಂದೆ ಕೊರೆದ ಮನುಷ್ಯರು, ಕಾಡುಕುರಿಗಳು.

ಕೇನ್‌ವಿಲ್ ಹತ್ತಿರ ಬೂದು ಜೇಡಿ ದಿಬ್ಬಗಳ ನಡುವೆ ಹಿಂದಿನ ಚಕ್ರ ಅಲ್ಲಾಡತೊಡಗಿತು. ಗೋಟ್‌ಹೆಡ್ ಮುಳ್ಳು, ನಮ್ಮ ನೆಗ್ಗಿಲು ಮುಳ್ಳಿನದೇ ಜಾತಿ. ಫೋನಿಗೆ ಸಿಗ್ನಲ್ ಇಲ್ಲ. ಟ್ಯೂಬ್ ಟೈರಿನವರಿಗೆ ಉಪಯೋಗವಾಗಲಿ ಎಂದು ಇದನ್ನು ಪೂರ್ತಿ ಬರೆಯುತ್ತೇನೆ. ಸೆಂಟರ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲಿಟ್ಟೆವು, ಇಲ್ಲದಿದ್ದರೆ ಮರಳಿನಲ್ಲಿ ಹೂತುಹೋಗುತ್ತದೆ. ಆಕ್ಸಲ್ ಬಿಚ್ಚುವ ಮುಂಚೆ ಚೈನ್ ಅಡ್ಜಸ್ಟರ್ ಎಷ್ಟನೇ ಗುರುತಿನಲ್ಲಿದೆ ಎಂದು ಫೋಟೋ ತೆಗೆದೆ. ಬಿಚ್ಚಿದ ನಟ್ಟು, ವಾಷರ್ ಎಲ್ಲ ಟವೆಲ್ ಮೇಲೆ. ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿತ್ತು. ಟೈರನ್ನು ವಿ-ಸ್ಟ್ರಾಮ್‌ನ ಸೈಡ್ ಸ್ಟ್ಯಾಂಡ್ ಕೆಳಗಿಟ್ಟು ಬೈಕಿನ ಭಾರ ಬಿಟ್ಟಾಗ ಟಕ್ ಎಂದು ಬಿಟ್ಟಿತು. ಹಳೆ ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೆ ಬಟ್ಟೆ ಆಡಿಸಿದೆವು. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಒಂದಲ್ಲ, ಎರಡಿದ್ದವು. ಹೊಸ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ದುಂಡಗೆ ಮಾಡಿಯೇ ಒಳಗೆ ಕೂರಿಸಬೇಕು, ಆಗ ಲಿವರಿಗೆ ಸಿಕ್ಕಿ ಹರಿಯುವುದಿಲ್ಲ. ಕೆಲಸ ನಡೆಯುವಾಗ ದಾಟಿದ ಪ್ರತಿಯೊಂದು ಪಿಕಪ್ ಗಾಡಿಯೂ ನಿಧಾನ ಮಾಡಿ, ಸಹಾಯ ಬೇಕೇ ಎಂದು ಕೇಳಿ ಹೋಯಿತು. ಒಬ್ಬ ಅಜ್ಜ ತಣ್ಣಗಿನ ನೀರಿನ ಬಾಟಲಿ ಕೈಗೆ ಕೊಟ್ಟೇ ಮುಂದೆ ಹೋದರು.

ಮೆಕ್ಸಿಕನ್ ಹ್ಯಾಟ್

ಹ್ಯಾಂಕ್ಸ್‌ವಿಲ್‌ನಲ್ಲಿ ಟ್ಯಾಂಕ್ ಕುತ್ತಿಗೆವರೆಗೆ ತುಂಬಿಸಿ. ಮುಂದಿನ 200 ಕಿಮೀ ಬಂಕ್ ನಂಬಿಕೊಂಡು ಹೋಗುವಂತಿಲ್ಲ. ಹೈವೇ 95 ಅಷ್ಟು ಒಂಟಿ ರಸ್ತೆ. ಹೈಟ್ ಎಂಬ ಜಾಗದ ಹತ್ತಿರ ಕೊಲೊರಾಡೊ ನದಿ ದಾಟುವಾಗ ಮೇಲಿನಿಂದ ನೋಡಿದೆವು. ಲೇಕ್ ಪೋವೆಲ್ ಜಲಾಶಯದ ನೀರು ಇಲ್ಲಿಂದ ಹಿಂದೆ ಸರಿದಿದೆ. ನದಿ ತನ್ನದೇ ಹೂಳನ್ನು ಸೀಳಿಕೊಂಡು ಹರಿಯುತ್ತಿದೆ.

ನ್ಯಾಚುರಲ್ ಬ್ರಿಡ್ಜಸ್‌ನ ಕಲ್ಲುಸೇತುವೆಗಳನ್ನು ನೋಡಿ, ಹೈವೇ 261ಕ್ಕೆ ತಿರುಗಿ, ಮೋಕಿ ಡಗ್‌ವೇ. ರಸ್ತೆ ಬಂಡೆಯ ಅಂಚಿಗೆ ಬಂದು ಡಾಂಬರು ಮುಗಿಯುತ್ತದೆ. ಸುಮಾರು 5 ಕಿಮೀ ಜಲ್ಲಿ, ಹೇರ್‌ಪಿನ್ ಮೇಲೆ ಹೇರ್‌ಪಿನ್, 1,100 ಅಡಿ ಇಳಿತ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಒಂದನೇ ಗೇರಿನಲ್ಲಿ ಇಂಜಿನ್ನಿನ ಹಿಡಿತದಲ್ಲೇ ಇಳಿದೆವು. ಮುಂದಿನ ಬ್ರೇಕಿಗೆ ಒಂದೇ ಬೆರಳು. ಇಲ್ಲಿ ಹಿಮಾಲಯನ್‌ನ 21 ಇಂಚಿನ ಮುಂದಿನ ಚಕ್ರ ಸರಾಗ. ಭಾರದ ವಿ-ಸ್ಟ್ರಾಮ್ ಹುಷಾರಾಗಿ ಹಿಂದೆ ಬಂತು.

ಇದು 1958ರಲ್ಲಿ ಯುರೇನಿಯಂ ಸಾಗಿಸಲು ಮಾಡಿದ ರಸ್ತೆ. ಹ್ಯಾಪಿ ಜಾಕ್ ಗಣಿಯ ಅದಿರು ಲಾರಿಯಲ್ಲಿ ಇದೇ ಗೋಡೆ ಇಳಿದು ಹಾಲ್‌ಚಿಟಾದ ಗಿರಣಿಗೆ ಹೋಗುತ್ತಿತ್ತು. ಹಾಲ್‌ಚಿಟಾ ಇರುವುದು ನವಾಹೋ ನಾಡಿನಲ್ಲಿ. ಆ ನಾಡಿನೊಳಗೂ 1944ರಿಂದ 1986ರವರೆಗೆ ಗಣಿಗಾರಿಕೆ ನಡೆಯಿತು. ಕೈಬಿಟ್ಟ ಗಣಿಗಳು ಇವತ್ತಿಗೂ 500ಕ್ಕಿಂತ ಹೆಚ್ಚಿವೆ. ಗಣಿಯಲ್ಲಿ ದುಡಿದ ಎಷ್ಟೋ ಜನ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರು. ಈ ಇಳಿಜಾರಿನ ಖುಷಿ ಬರೆಯುವವರು ಇದನ್ನೂ ಬರೆಯಬೇಕು.

ಮತ್ತೆ ಫೀನಿಕ್ಸ್

ಮಾನ್ಯುಮೆಂಟ್ ವ್ಯಾಲಿಯ ಒಳಗಿನ 17 ಮೈಲಿಯ ಮಣ್ಣುದಾರಿಯಲ್ಲಿ ಬೈಕ್ ಬಿಡುವುದಿಲ್ಲ. ನವಾಹೋ ಗೈಡ್ ಒಬ್ಬರ ಜೀಪಿನಲ್ಲಿ ಸುತ್ತಿದೆವು. ಅವರು ತಮ್ಮ ಅಜ್ಜಿ ಕುರಿ ಮೇಯಿಸಿದ ಜಾಗ ತೋರಿಸಿದರು. ಕಯೆಂಟಾದಿಂದ ಟೂಬಾ ಸಿಟಿವರೆಗೆ ಅಡ್ಡಗಾಳಿ, ರಸ್ತೆ ಮೇಲೆ ತೆಳ್ಳಗೆ ಮರಳು, ಅಲ್ಲಲ್ಲಿ ಕುದುರೆಗಳು. ಫ್ಲ್ಯಾಗ್‌ಸ್ಟಾಫ್‌ನಿಂದ ಕೆಳಕ್ಕೆ, ಹೋಗುವಾಗ ಹಿಡಿದಿದ್ದ ದಾರಿಯೇ.

ಗಾಡಿಯ ಸ್ಥಿತಿ: ಏರ್ ಫಿಲ್ಟರ್ ಕೆಂಪು ಪುಡಿಯಿಂದ ತುಂಬಿತ್ತು, ಬದಲಾಯಿತು. ಹಿಂದಿನ ಚಕ್ರದ ಎರಡು ಕಡ್ಡಿ ಸಡಿಲ, ಬಿಗಿ ಮಾಡಿದ್ದಾಯಿತು. ಚೈನ್ ತೊಳೆದು ಎಣ್ಣೆ ಬಿಟ್ಟಿದೆ. ಹಿಂದಿನ ಟೈರಿನ ನಡುಭಾಗ ಸವೆದಿದೆ, ಹೊಸದು ಬೇಕು. ಮೇ ತಿಂಗಳಿಗೆ ಬೋಲ್ಡರ್ ಊರಿನಿಂದ ಹೊರಡುವ ಬರ್ ಟ್ರೇಲ್ ಮನಸ್ಸಿನಲ್ಲಿದೆ. ಅರ್ಧ ಡಾಂಬರು, ಅರ್ಧ ಮಣ್ಣು. ಅದಕ್ಕೆ ಸ್ವಲ್ಪ ದಪ್ಪ ಹಲ್ಲಿನ ಟೈರ್ ನೋಡುತ್ತಿದ್ದೇನೆ. ಭಾಮೈದನಿಗೆ ಪರೀಕ್ಷೆ ಮುಗಿಯುವ ತಾರೀಕು ಕೇಳಿದ್ದೇನೆ.