ಚಂದ್ರಕಾಳಿಯ ಸೆರಗು: ಹೊಸ ವರ್ಷಕ್ಕೆ ಎಲ್ಲಿಗೆ ಬಂತು

ಡಿಸೆಂಬರ್, ಕಡೆಯ ಭಾನುವಾರ

ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಳಕಲ್ಲಿನ ಕರಿ ಸೀರೆ, ಅಂದರೆ ಚಂದ್ರಕಾಳಿ, ಅದರ ಸೆರಗಿನ ಬಳಿ ಕಸೂತಿ ಹಾಕುತ್ತಿದ್ದೇನೆ. ಸೆರಗಿಗೆ ಅಂಟಿಕೊಂಡಂತೆ ಬರುವ, ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿ ಹೊಲಿಗೆಯ ಸಾಲು ಮುಗಿದಿದೆ. ಅದರ ಪಕ್ಕದಲ್ಲಿ ಎರಡು ಗೋಪುರಗಳು ನಿಂತಿವೆ, ಮೂರನೆಯದಕ್ಕೆ ಅಡಿಪಾಯ ಬಿದ್ದಿದೆ. ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಇನ್ನೂ ಗ್ರಾಫ್ ಹಾಳೆಯ ಮೇಲೆಯೇ ಇವೆ. ದೀಪಾವಳಿಗೆ ಹಿಡಿದ ಕೆಲಸ ಎಳ್ಳ ಅಮಾವಾಸ್ಯೆ ಕಳೆದರೂ ಇಷ್ಟೇ.

ನಮಗೆ ವರ್ಷ ಹುಟ್ಟುವುದು ಯುಗಾದಿಗೆ, ಜನವರಿಗೇಕೆ ಸಂಕಲ್ಪ ಎಂದು ಜಾರಿಕೊಳ್ಳಬಹುದು. ಆದರೆ ಕಚೇರಿಯ ರಜೆಪಟ್ಟಿ ಜನವರಿಗೆ ತಿರುಗುತ್ತದೆ, ಮಗನ ಪರೀಕ್ಷೆಯ ವೇಳಾಪಟ್ಟಿಯೂ ಬಂದು ಗೋಡೆಗೆ ಅಂಟುತ್ತದೆ. ಮನೆಯಲ್ಲಿ ಎಲ್ಲರ ಸಮಯವೂ ಹಂಚಿಕೆಯಾಗುವ ಹೊತ್ತಿನಲ್ಲಿ ನನ್ನ ಪಾಲನ್ನು ಕೇಳಿ ಇಟ್ಟುಕೊಳ್ಳದಿದ್ದರೆ ಅದು ಯಾರದೋ ಪಾಲಾಗುತ್ತದೆ. ಹಾಗಾಗಿ ಈ ಲೆಕ್ಕ.

ಜನ ಸಾಮಾನ್ಯವಾಗಿ "ದಿನಕ್ಕೆ ಒಂದು ಗಂಟೆ" ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಕರಿ ಸೀರೆ ಈ ಮಾತಿಗೆ ಒಪ್ಪುವುದಿಲ್ಲ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಮುಟ್ಟಿಸುವಂತಿಲ್ಲ, ಅಚ್ಚು ಒತ್ತುವಂತಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಇಳಿಸಬೇಕು. ಎಳೆ ಬಿಡಿಬಿಡಿಯಾಗಿ ಕಾಣುವ ಬಿಳಿ ಮ್ಯಾಟಿ ಬಟ್ಟೆಯಲ್ಲಾದರೆ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ, ಟಿವಿ ಧಾರಾವಾಹಿಗೆ ಕಿವಿ ಕೊಟ್ಟುಕೊಂಡೂ ಎಣಿಸಬಹುದು. ಕರಿ ಇಳಕಲ್ಲಿನ ಮೇಲೆ ಅದೇ ಬೆಳಕು ಬಿದ್ದರೆ ಎಳೆಗಳೆಲ್ಲ ಕೂಡಿ ಒಂದೇ ಕಪ್ಪು ಹಾಳೆಯಾಗುತ್ತವೆ. ಬಲ್ಬು ಹತ್ತಿರ ತಂದರೆ ಹೊಳಪು ಹೆಚ್ಚಾಗುತ್ತದೆಯೇ ಹೊರತು ಎಳೆ ಬೇರೆಯಾಗಿ ಕಾಣುವುದಿಲ್ಲ. ಬೇಕಾದದ್ದು ಓರೆಯಾಗಿ ಬೀಳುವ ಬಿಸಿಲು. ಪಕ್ಕದ ಮನೆಯ ಕಾಕು ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟಿದ್ದಾರೆ: "ತೊಡೆಯ ಮೇಲೆ ಹಳೆಯ ಬಿಳಿ ಧೋತರ ಹಾಸಿಕೊ ತಂಗಿ, ಅದರ ಮೇಲೆ ಸೀರೆ ಇಟ್ಟುಕೊ." ಮಾಡಿ ನೋಡಿದೆ. ಎಳೆ ಎಳೆಯ ನಡುವಿನ ಸಂದಿನಲ್ಲಿ ಬಿಳುಪು ಇಣುಕಿ, ಸೂಜಿಯ ಮೊನೆ ಎಲ್ಲಿ ಇಳಿಯಬೇಕೋ ಅಲ್ಲಿ ಸಣ್ಣ ಚುಕ್ಕೆ ಕಾಣುತ್ತದೆ.

ಹಾಗಾಗಿ ಗಂಟೆಯ ಲೆಕ್ಕವನ್ನು ಬಿಟ್ಟೆ. ಬೆಳಗಿನ ಬಿಸಿಲು ಕಟ್ಟೆಗೆ ಬಂದಾಗ ನಾನು ಅಲ್ಲಿ ಕೂತಿರಬೇಕು, ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು. ಈ ವರ್ಷದ ಸಂಕಲ್ಪ ಎನ್ನುವುದಾದರೆ ಇದೊಂದೇ. ಹೇಳುವುದು ಸುಲಭ, ಮಾಡಲು ಹೋದರೆ ಇಡೀ ಮನೆಯೇ ಅಲುಗಾಡುತ್ತದೆ.

ಜನವರಿ, ಮೊದಲ ವಾರ

ಈ ತಿಂಗಳು ಧಾರವಾಡದಲ್ಲಿ ಸೂರ್ಯ ಮೇಲೇಳುವುದೇ ಸುಮಾರು ಏಳು ಗಂಟೆಗೆ. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಎದುರು ಮನೆಯ ಮಾಳಿಗೆಯನ್ನು ದಾಟಿ ಬಿಸಿಲು ನಮ್ಮ ಕಟ್ಟೆಗೆ ಇಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕು. ನಾನು ಹುಬ್ಬಳ್ಳಿಯ ಬಸ್ಸಿಗೆ ಹೊರಡುವುದು ಒಂಬತ್ತಕ್ಕೆ. ಈ ನಡುವಿನ ಹೊತ್ತು ಇದುವರೆಗೆ ರೊಟ್ಟಿಯದಾಗಿತ್ತು.

ಅದಕ್ಕೇ ವಾರದಲ್ಲಿ ಮೂರು ದಿನ ರೊಟ್ಟಿಯನ್ನು ಕೊಂಡು ತರುವುದು ಎಂದು ಮನೆಯಲ್ಲಿ ಹೇಳಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಜೋಳದ ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಬಿಸಿ ರೊಟ್ಟಿಯೂ ಸಿಗುತ್ತದೆ, ತಿಂಗಳುಗಟ್ಟಲೆ ಇಡಬಹುದಾದ ಖಡಕ್ ರೊಟ್ಟಿಯೂ ಸಿಗುತ್ತದೆ. ಅತ್ತೆಯವರು ಕೂಡಲೇ ಏನೂ ಅನ್ನಲಿಲ್ಲ. ಊಟಕ್ಕೆ ಕೂತಾಗ ಕೊಂಡ ರೊಟ್ಟಿಯನ್ನು ಮಡಚಿ, ಮುರಿದು, ಅದರ ಅಂಚನ್ನು ಬೆರಳಿನಿಂದ ಒತ್ತಿ ನೋಡಿದರು. "ಬಡಿತ ಚೆನ್ನಾಗಿದೆ" ಎಂದರು. ಆಮೇಲೆ, "ಸೂಜಿಯ ಕೆಲಸಕ್ಕೆ ರೊಟ್ಟಿ ಬಿಟ್ಟವರನ್ನು ನಾನು ನೋಡಿರಲಿಲ್ಲ" ಎಂಬ ಮಾತೂ ಬಂತು. ಎರಡನ್ನೂ ಪಡೆದುಕೊಂಡೆ.

ನಮ್ಮ ಮನೆಯವರ ಪಾಲಿಗೆ ಚಹಾ ಮತ್ತು ಮಗನ ಡಬ್ಬಿ ಹೋಗಿವೆ. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ, ನಡೆಯುತ್ತಿದೆ.

ರಾತ್ರಿಯ ಧಾರಾವಾಹಿ ತಾನಾಗಿಯೇ ಬಿಟ್ಟುಹೋಯಿತು. ಬೇಗ ಏಳಬೇಕಾದವಳು ಬೇಗ ಮಲಗಲೇಬೇಕು.

ಈಗ ಗೋಪುರದ ವಿಷಯ. ಈ ವಾರ ಹೆಚ್ಚು ತಲೆ ತಿಂದದ್ದು ಅದೇ. ಗವಂತಿ ಹೊಲಿಗೆಯಲ್ಲಿ ಸೂಜಿ ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ ಎಂದು ಸಾಗುತ್ತದೆ. ಹೋಗುವಾಗ ಕಾಣುವುದು ಬಿಟ್ಟು ಬಿಟ್ಟು ಬಿದ್ದ ಗೆರೆ ಮಾತ್ರ. ಅದೇ ದಾರಿಯಲ್ಲಿ ಮರಳಿ ಬರುವಾಗ ಖಾಲಿ ಜಾಗಗಳು ತುಂಬುತ್ತವೆ. ಅಂದರೆ ಚಿತ್ತಾರದ ಪ್ರತಿಯೊಂದು ಗೆರೆಯ ಮೇಲೂ ಎರಡು ಸಲ ನಡೆಯಬೇಕು, ಒಂದು ಸಲ ಸೀರೆಯ ಮುಂದಿನ ಮೈಯಲ್ಲಿ, ಇನ್ನೊಂದು ಸಲ ಹಿಂದಿನ ಮೈಯಲ್ಲಿ. ಗಂಟು ಹಾಕುವಂತಿಲ್ಲ, ಎರಡೂ ಮೈ ಒಂದೇ ತೆರನಾಗಿ ಕಾಣಬೇಕು. ಸಾಲು ನೇರವಾಗಿದ್ದರೆ ಯಾವ ತೊಡಕೂ ಇಲ್ಲ. ಗೋಪುರಕ್ಕೆ ಮಾತ್ರ ಅಕ್ಕಪಕ್ಕದಲ್ಲಿ ಮೆಟ್ಟಿಲು, ಒಳಗೆ ಚೌಕ, ತಲೆಯ ಮೇಲೆ ಕಳಸ, ಹೀಗೆ ಎಲ್ಲ ಕಡೆಯೂ ಕವಲು.

ಕಾಕು ಹೇಳುವ ಸೂತ್ರ ಒಂದೇ: ಕವಲು ಬಂದಾಗ ಅದರೊಳಗೆ ಹೋಗಿ, ತುದಿ ಮುಟ್ಟಿ, ಮರಳಿ ಕವಲಿನ ಬಾಯಿಗೆ ಬಂದ ಮೇಲೆಯೇ ಮುಂದಕ್ಕೆ ಸಾಗಬೇಕು. ಅರ್ಧಕ್ಕೆ ಬಿಟ್ಟು "ಬರುವಾಗ ನೋಡಿಕೊಂಡರಾಯಿತು" ಎಂದರೆ ಹಿಮ್ಮೈ ಕೆಡುತ್ತದೆ. ಗ್ರಾಫ್ ಹಾಳೆಯ ಮೇಲೆ ಬಿಡಿಸಿ ನೋಡುತ್ತ ಕೂತಾಗ ಇದರ ಹಿಂದಿನ ಲೆಕ್ಕ ಹೊಳೆಯಿತು. ಎಲ್ಲ ಗೆರೆಗಳೂ ಒಂದಕ್ಕೊಂದು ಕೂಡಿಕೊಂಡಿದ್ದರೆ, ಪ್ರತಿ ಗೆರೆಯನ್ನೂ ಎರಡೆರಡು ಸಲ ನಡೆಯುವುದರಿಂದ, ಹೊರಟ ಜಾಗಕ್ಕೇ ಬಂದು ಮುಟ್ಟುವ ದಾರಿ ಯಾವಾಗಲೂ ಇರುತ್ತದೆ. ಒಂದು ಕವಲಿನಲ್ಲಿ ಎಷ್ಟೇ ಹೊಲಿಗೆ ಇರಲಿ, ಹೋಗಿಬರುವಷ್ಟರಲ್ಲಿ ಅದು ಸರಿಸಂಖ್ಯೆಯೇ ಆಗುತ್ತದೆ. ಅದರಿಂದ ಮೇಲೆ-ಕೆಳಗೆ ಎಂಬ ಸರದಿ ತಪ್ಪುವುದಿಲ್ಲ. ಗಣಿತದ ಮೇಷ್ಟರು ಹಲಗೆಯ ಮೇಲೆ ಸಾಧಿಸಿ ತೋರಿಸಬಹುದಾದ ಇದನ್ನು ಈ ಭಾಗದ ಹೆಣ್ಣುಮಕ್ಕಳು ತಲೆತಲಾಂತರದಿಂದ ಬೆರಳಿನಲ್ಲೇ ಇಟ್ಟುಕೊಂಡಿದ್ದಾರೆ. ಇವರನ್ನು "ಮನೆಯಲ್ಲಿ ಸುಮ್ಮನೆ ಇರುವವರು" ಎಂದು ಕರೆದವರ ಧೈರ್ಯಕ್ಕೆ ಮೆಚ್ಚಬೇಕು.

ಈ ದಾರಿ ಬಿಡಿಸುವ ಕೆಲಸಕ್ಕೆ ಬಿಸಿಲು ಬೇಡ, ಹಾಳೆ ಮತ್ತು ಪೆನ್ಸಿಲ್ ಇದ್ದರೆ ಸಾಕು. ಅದನ್ನು ಚಿಗರಿ ಬಸ್ಸಿಗೆ ಹಚ್ಚಿದ್ದೇನೆ. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 22 ಕಿಲೋಮೀಟರ್, ಬಸ್ಸಿಗೆ ಅದರದೇ ದಾರಿ ಇರುವುದರಿಂದ ಕುಲುಕಾಟವೂ ಕಡಿಮೆ. ಸೀಟು ಸಿಕ್ಕರೆ ನವನಗರ ದಾಟುವಷ್ಟರಲ್ಲಿ ಒಂದು ಕಳಸದ ದಾರಿ ಮುಗಿಯುತ್ತದೆ. ಮೊದಲು ಆ ಹೊತ್ತನ್ನು ಮೊಬೈಲ್ ನುಂಗುತ್ತಿತ್ತು, ಅದೂ ಕಸೂತಿಯ ಹೆಸರಿನಲ್ಲೇ. ಯಾರೋ ಹಾಕಿದ ನವಿಲು, ಇನ್ಯಾರೋ ಹಾಕಿದ ಪಲ್ಲಕ್ಕಿ, ಎಲ್ಲವನ್ನೂ ಉಳಿಸಿಟ್ಟುಕೊಳ್ಳುವ ಚಪಲ. ಆ ಚಿತ್ರಗಳನ್ನು ಅಳಿಸಿಹಾಕಿದೆ. ಒಂದು ಸೆರಗಿಗೆ ಬೇಕಾದಷ್ಟು ಚಿತ್ತಾರ ಕಾಕುವಿನ ಹಳೆಯ ಮಾದರಿ ಬಟ್ಟೆಯಲ್ಲೇ ಇದೆ.

ಸಂಕ್ರಾಂತಿಗೆ ಮುಂಚೆ

ಮೂರನೆಯ ಗೋಪುರ ಎದ್ದಿತು. ಕೆಂಪು, ಹಸಿರು, ಕಳಸಕ್ಕೆ ಕಿತ್ತಳೆ. ದಾರದ ಲಡಿಯ ಆರು ಎಳೆಗಳಲ್ಲಿ ಎರಡನ್ನು ಮಾತ್ರ ಬಿಡಿಸಿಕೊಂಡು ಹೊಲಿಯುತ್ತಿದ್ದೇನೆ, ಮೂರು ಹಾಕಿದರೆ ಈ ನೂಲಿನ ಮೇಲೆ ದಪ್ಪವಾಗಿ ಕೂರುತ್ತದೆ. ಹೊಸ ಕೆಂಪು ಲಡಿ ತಂದಾಗಲೆಲ್ಲ ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುತ್ತದೆಯೋ ಎಂದು ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕರಿ ಮೈಯ ಮೇಲೆ ಬಣ್ಣ ಬಿಟ್ಟರೂ ಕಾಣಲಿಕ್ಕಿಲ್ಲ, ಆದರೆ ತೋಪುತೆನಿ ಎನ್ನುವ ಸೆರಗಿನ ವಿನ್ಯಾಸದಲ್ಲಿ ಕೆಂಪಿನ ನಡುವೆ ಬರುವ ಬಿಳಿ ಪಟ್ಟೆಗಳಿವೆಯಲ್ಲ, ಅವಕ್ಕೆ ತಗುಲಿದರೆ ಆ ಕಲೆ ಅಲ್ಲಿಯೇ ಉಳಿದುಬಿಡುತ್ತದೆ.

ಬಿಟ್ಟ ಕೆಲಸಗಳನ್ನೂ ಬರೆದಿಡಬೇಕು. ಈ ವರ್ಷ ಗುಣಾಕಾರದ ಗುರುತಿನಂತೆ ಬೀಳುವ ಮೆಂತಿ ಹೊಲಿಗೆಯ ದಿಂಬಿನ ಚೀಲಗಳಿಲ್ಲ. ನೇಯ್ದಂತೆ ಕಾಣುವ ನೇಗಿ ಹೊಲಿಗೆಯೂ ಇಲ್ಲ. ಎರಡೂ ಅಂದವೇ, ನೋಡುವವರಿಂದ ಶಹಬ್ಬಾಸ್ ಬೇಗ ಸಿಗುತ್ತದೆ, ಆದರೆ ಅವುಗಳ ಹಿಮ್ಮೈ ಮುಂಭಾಗದಂತೆ ಬರುವುದಿಲ್ಲ. ನನಗೆ ಈಗ ಹಿಮ್ಮೈಯ ಹುಚ್ಚು. ಗವಂತಿ ಮತ್ತು ಮುರ್ಗಿ ಎರಡೇ ಸಾಕು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಯಂತ್ರದ ಹೊಲಿಗೆಯ ಸೀರೆಯನ್ನು ಕಸೂತಿ ಎಂದೇ ಹೇಳಿ ಮಾರುತ್ತಿದ್ದರು. ತಿರುವಿ ನೋಡಿದೆ. ಹಿಂದೆಲ್ಲ ಬಿಳಿ ನೂಲಿನ ಜಾಲ, ಅಲ್ಲಲ್ಲಿ ಕತ್ತರಿಸಿದ ತುದಿಗಳು. ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದ್ದರೂ ಕೊಳ್ಳುವವರು ಸೀರೆಯನ್ನು ತಿರುವಿ ನೋಡದಿದ್ದರೆ ಆ ಮಾನ್ಯತೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಯಂತ್ರದ್ದನ್ನು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ, ಎಲ್ಲರ ಕೈಗೆ ಎಟಕುವ ಬೆಲೆ ಅದರದು. ಹೆಸರನ್ನು ಮಾತ್ರ ಸರಿಯಾಗಿ ಹೇಳಿ ಮಾರಲಿ.

ಗದಗಿನಿಂದ ಅಕ್ಕ ಫೋನ್ ಮಾಡಿದ್ದಳು. ಮಗಳ ಮದುವೆ ವೈಶಾಖಕ್ಕೆ ಗೊತ್ತಾಗಿದೆ. "ಹೇಗೂ ಚಂದ್ರಕಾಳಿ ಹಾಕುತ್ತಿದ್ದೀಯಲ್ಲ, ಅಷ್ಟರೊಳಗೆ ಮುಗಿಸಿ ಅವಳಿಗೇ ಕೊಟ್ಟುಬಿಡು" ಎಂದಳು. ಹಿಂದೆ ಮದುಮಗಳಿಗೆ ಕಸೂತಿ ಹಾಕಿದ ಕರಿ ಸೀರೆ ಕೊಡುವುದು ಇಲ್ಲಿನ ಪದ್ಧತಿಯೇ ಆಗಿತ್ತು, ಅಕ್ಕ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೂ ಆಗುವುದಿಲ್ಲ ಎಂದೆ. ವೈಶಾಖದ ಗಡುವು ಹಾಕಿಕೊಂಡರೆ ಮತ್ತೆ ರಾತ್ರಿಯ ಟ್ಯೂಬ್‌ಲೈಟಿಗೆ ಕೂರಬೇಕು, ಎಳೆ ತಪ್ಪಿದರೂ ಬಿಚ್ಚದೆ ಮುಂದೆ ಹೋಗಬೇಕು. ಮದುವೆಗೆ ಅಂಗಡಿಯಿಂದ ಒಳ್ಳೆಯ ಇಳಕಲ್ ಸೀರೆಯನ್ನೇ ಕೊಡಿಸುತ್ತೇನೆ, ಇದು ಯಾವಾಗ ಮುಗಿಯುತ್ತದೋ ಆಗ ಯಾರಿಗೆ ಎಂದು ನೋಡೋಣ ಎಂದು ಹೇಳಿದೆ. ಅಕ್ಕ ಸಿಟ್ಟಾಗಿದ್ದಾಳೆ. ಕುಸುರೆಳ್ಳು ಕೊಡುವ ನೆಪದಲ್ಲಿ ಹೋಗಿ ಮಾತನಾಡಿಸಿಕೊಂಡು ಬರಬೇಕು.

ಆನೆಯನ್ನು ಕಡೆಗೆ ಇಟ್ಟುಕೊಂಡಿದ್ದೇನೆ. ಅದರ ಕಣ್ಣು ಉಳಿದ ಯಾವ ಗೆರೆಗೂ ಕೂಡಿಕೊಳ್ಳುವುದಿಲ್ಲ, ಅಷ್ಟಕ್ಕೇ ಬೇರೆ ದಾರ ಹಿಡಿದು, ಎರಡೂ ಮೈಯಲ್ಲಿ ತುದಿ ಕಾಣದಂತೆ ಮುಚ್ಚಬೇಕು. ಅದಕ್ಕೆ ಮೊದಲು ತೇರು. ಮೇಲಿನ ಅಂಕಣಗಳೆಲ್ಲ ಹಾಳೆಯ ಮೇಲೆ ಸರಿಯಾಗಿವೆ. ಗಾಲಿಗಳಲ್ಲಿ ಓರೆಗೆರೆಗಳು ನಡುವಿನ ಒಂದೇ ಬಿಂದುವಿನಲ್ಲಿ ಸೇರುವುದರಿಂದ ಅಲ್ಲಿ ಸೂಜಿ ಮತ್ತೆ ಮತ್ತೆ ಇಳಿದು ತೂತು ದೊಡ್ಡದಾಗುತ್ತದೆ. ಗಾಲಿಯನ್ನು ಗ್ರಾಫ್ ಹಾಳೆಯ ಒಂದು ಮನೆಯಷ್ಟು ಹಿಗ್ಗಿಸಿ, ನಡುವೆ ಸಣ್ಣ ಚೌಕ ಬಿಟ್ಟರೆ ಸರಿಹೋಗಬಹುದು. ನಾಳೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಬಿಡಿಸಿ ನೋಡುತ್ತೇನೆ.