ಬಂದೂಕಿನ ನಾಡಿನಲ್ಲಿ ಒಂದು ಔಷಧದ ಚೀಲ

ಆಗಸ್ಟ್ ಕೊನೆಯ ವಾರ ಮೈಸೂರಿನಿಂದ ಹೊರಟ ಬಸ್ಸು ಹುಣಸೂರು, ಪಿರಿಯಾಪಟ್ಟಣಗಳನ್ನು ಹಿಂದೆ ಹಾಕಿ ಕುಶಾಲನಗರದ ಕಾವೇರಿ ಸೇತುವೆಗೆ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಮಡಿಕೇರಿಯಲ್ಲಿ ಇಳಿದಾಗಲೂ ಅದು ಬಿಟ್ಟಿರಲಿಲ್ಲ. ವಿರಾಜಪೇಟೆ ಕಡೆಯ ಒಂದು ಸಣ್ಣ ಊರಿನಲ್ಲಿ, ಸೇನಾ ವೈದ್ಯಕೀಯ ದಳದ ನರ್ಸಿಂಗ್ ಅಸಿಸ್ಟೆಂಟ್ ಒಬ್ಬರ ಸ್ಮಾರಕವಿದೆಯೆಂದು ಅಲ್ಲಿನವರೇ ಆದ ನನ್ನ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಮುಂಚೆ ಮನೆಯವರು ಅದಕ್ಕೆ ಬಣ್ಣ ಬಳಿಯುತ್ತಾರೆ, ಆಗ ಬನ್ನಿ ಎಂಬ ಅವರ ಮಾತಿನಂತೆ ಹೊರಟಿದ್ದೆ. ಮನೆಯವರ ಕೋರಿಕೆಯಂತೆ ಊರಿನ ಹೆಸರನ್ನೂ ಅವರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ.

ಮುಂದಿನ ಬಸ್ಸಿಗೆ ಸಮಯವಿದ್ದುದರಿಂದ ಮಡಿಕೇರಿಯ ಸ್ಮಾರಕಗಳನ್ನು ನೋಡುತ್ತ ನಡೆದೆ. ಊರಿಗೆ ಕಾಲಿಟ್ಟವರನ್ನು ಮೊದಲು ಎದುರುಗೊಳ್ಳುವವರು ಸೈನಿಕರೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯನವರ ಪ್ರತಿಮೆಗಳಿವೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತನ್ನ ಮಿಸ್ಟೇರ್ ವಿಮಾನದಿಂದ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಅನ್ನು ಎದುರಿಸಿ ಮಡಿದ, ಆ ಸಾಹಸಕ್ಕೆ 1988ರಲ್ಲಷ್ಟೇ ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆಯೂ ಇದೆ. ತಿಮ್ಮಯ್ಯನವರು ಬೆಳೆದ ‘ಸನ್ನಿಸೈಡ್’ ಮನೆ 2021ರ ಫೆಬ್ರವರಿ 6ರಂದು ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿದೆ. ಅಂಗಳದ ಯುದ್ಧ ಟ್ಯಾಂಕಿನ ಮೇಲೆ ಮಳೆ ಸುರಿಯುತ್ತಿತ್ತು. ಒಳಗೆ ಕೊರಿಯಾ ಯುದ್ಧದ ವಿಷಯ ಬಂದಾಗ ನನ್ನ ಮನಸ್ಸು ಬೇರೆಡೆಗೆ ಹೋಯಿತು. ತಿಮ್ಮಯ್ಯನವರು 1953ರಲ್ಲಿ ಯುದ್ಧಕೈದಿಗಳ ಮರಳುವಿಕೆಗೆ ಸಂಬಂಧಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಅಲ್ಲಿಗೆ ಹೋಗುವುದಕ್ಕೂ ಮೊದಲೇ, 1950ರ ಕೊನೆಯಲ್ಲಿ, ಭಾರತದಿಂದ ಅಲ್ಲಿಗೆ ಹೋಗಿದ್ದುದು ಕಾದಾಡುವ ಪಡೆಯಲ್ಲ, 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಘಟಕ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅದರ ಮುಖ್ಯಸ್ಥರು. 1951ರ ಮಾರ್ಚ್‌ನಲ್ಲಿ ಮುನ್ಸಾನ್‌ನಿ ಎಂಬಲ್ಲಿ ಅಮೆರಿಕದ ಪ್ಯಾರಾಟ್ರೂಪರುಗಳ ಜೊತೆ ಈ ಘಟಕದ ಕೆಲವರೂ ವಿಮಾನದಿಂದ ಜಿಗಿದು, ಇಳಿದ ನೆಲದಲ್ಲೇ ಗಾಯಾಳುಗಳನ್ನು ನೋಡಿಕೊಂಡರು.

ಮಧ್ಯಾಹ್ನ ಮೂರ್ನಾಡು ದಾರಿಯ ಬಸ್ಸು ಹಿಡಿದೆ. ನಾಟಿ ಮುಗಿದ ಗದ್ದೆಗಳಲ್ಲಿ ನೀರು ನಿಂತಿತ್ತು. ಎರಡೂ ಬದಿಗೆ ಕಾಫಿ ತೋಟ, ಸಿಲ್ವರ್ ಮರಗಳಿಗೆ ಹಬ್ಬಿದ ಕಾಳುಮೆಣಸು.

ಸ್ಮಾರಕವಿರುವುದು ಬಸ್ ತಂಗುದಾಣದ ಗೋಡೆಗೆ ಹೊಂದಿಕೊಂಡು. ಎದೆಯೆತ್ತರದ ಕಪ್ಪು ಕಲ್ಲು, ಅದರ ಮೇಲೆ ಹೆಸರು, ಸೇನಾ ಸಂಖ್ಯೆ, ಹುಟ್ಟಿದ ಮತ್ತು ಮಡಿದ ದಿನಾಂಕಗಳು. ಕೆಳಗೆ ಕೆತ್ತಿರುವ ಚಿತ್ರವೇ ನನ್ನನ್ನು ಅಷ್ಟು ದೂರ ಕರೆಸಿದ್ದು: ಹೆಗಲಿಗೆ ಹಾಕುವ ಒಂದು ಚೀಲ, ಚೀಲದ ಮೇಲೆ ಕೆಂಪು ಶಿಲುಬೆ, ಪಕ್ಕದಲ್ಲಿ ಅದಕ್ಕೆ ಒರಗಿಸಿಟ್ಟಂತೆ ಒಂದು ಸಣ್ಣ ಬಂದೂಕು.

ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಶಿಲುಬೆಗೆ ಬಣ್ಣ ತುಂಬುತ್ತಿದ್ದವರು ಮಡಿದವರ ಅಕ್ಕ. ಅವರಿಗೆ ಕೊಡೆ ಹಿಡಿದು ನಿಂತಿದ್ದವರು ಅದೇ ಊರಿನ ನಿವೃತ್ತ ಸುಬೇದಾರರು. ಶಿಲ್ಪಿ ಮೊದಲು ತಂದ ನಕಾಶೆಯಲ್ಲಿ, ಎಲ್ಲ ಕಡೆಯ ಸ್ಮಾರಕಗಳಲ್ಲಿರುವಂತೆ, ತಲೆಕೆಳಗಾಗಿ ನಿಲ್ಲಿಸಿದ ಬಂದೂಕು ಮತ್ತು ಅದರ ಮೇಲೊಂದು ಹೆಲ್ಮೆಟ್ ಮಾತ್ರ ಇದ್ದವಂತೆ. ತಾಯಿ ಅದನ್ನು ನೋಡಿ, “ಇವನ ಚೀಲ ಎಲ್ಲಿ?” ಎಂದು ಕೇಳಿದರಂತೆ. ಊರಿನ ಹಿರಿಯರಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಒಂದರ ಹಿಂದೊಂದು ಎರಡು ಗುಂಡು ಹಾರಿಸುವ, ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವ ನಾಡಿನಲ್ಲಿ ಸೈನಿಕನ ಕಲ್ಲಿನ ಮೇಲೆ ಕೋವಿಯಿಲ್ಲವೆಂದರೆ ಹೇಗೆ? ಮೂರು ಸಲ ಸಭೆ ಸೇರಿ, ಕೊನೆಗೆ ಚೀಲ ದೊಡ್ಡದು, ಬಂದೂಕು ಚಿಕ್ಕದು ಎಂದು ತೀರ್ಮಾನವಾಯಿತಂತೆ.

ಆ ತೀರ್ಮಾನ ರಾಜಿಯಂತೆ ಕಂಡರೂ ವಾಸ್ತವಕ್ಕೆ ತೀರ ಹತ್ತಿರವಾಗಿದೆ ಎಂದು ನನಗನಿಸಿತು. 1949ರ ಮೊದಲನೆಯ ಜಿನೀವಾ ಒಪ್ಪಂದದ ಪ್ರಕಾರ ವೈದ್ಯಕೀಯ ಸಿಬ್ಬಂದಿ ಆಯುಧ ಇಟ್ಟುಕೊಳ್ಳಬಹುದು, ಆದರೆ ತಮ್ಮ ಮತ್ತು ತಮ್ಮ ಸುಪರ್ದಿಯಲ್ಲಿರುವ ಗಾಯಾಳುಗಳ ರಕ್ಷಣೆಗೆ ಮಾತ್ರ. ಅಷ್ಟರಿಂದ ಅವರಿಗಿರುವ ರಕ್ಷಣೆ ಹೋಗುವುದಿಲ್ಲ. ಇದನ್ನು ಹೇಳಿದಾಗ ಸುಬೇದಾರರು ನಕ್ಕು, “ಜಿನೀವಾ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಅವನ ತಾಯಿಗೆ ಹೆದರಿ ಒಪ್ಪಿದರು” ಎಂದರು.

ಅವರು ಕಾಲಾಳು ಪಡೆಯಲ್ಲಿದ್ದವರು. ಸೈನಿಕನ ಜೇಬಿನಲ್ಲಿ ಸದಾ ಇರುವ ಫೀಲ್ಡ್ ಡ್ರೆಸ್ಸಿಂಗ್ ಪಟ್ಟಿಯ ವಿಷಯವನ್ನೂ, ಗಾಯಗೊಂಡವನಿಗೆ ಅವನದೇ ಜೇಬಿನ ಪಟ್ಟಿ ಕಟ್ಟಬೇಕೆಂಬ ಕ್ರಮವನ್ನೂ ವಿವರಿಸಿದರು. ನಮ್ಮದು ಕೊಟ್ಟುಬಿಟ್ಟರೆ ನಮಗೆ ಗುಂಡು ತಗಲಿದಾಗ ಇಲ್ಲದಂತಾಗುತ್ತದೆ. ರಣರಂಗದಲ್ಲಿ ಉಳಿಸಬಹುದಾಗಿದ್ದ ಜೀವಗಳು ಹೆಚ್ಚಾಗಿ ಹೋಗುವುದು ರಕ್ತಸ್ರಾವದಿಂದಲೇ. ಆದ್ದರಿಂದ ನರ್ಸಿಂಗ್ ಅಸಿಸ್ಟೆಂಟ್ ಬಂದು ತಲುಪುವ ಮೊದಲ ಕೆಲವು ನಿಮಿಷಗಳೇ ಮುಖ್ಯ. “ಮೊದಲು ಒತ್ತಿ ಹಿಡಿ, ಆಮೇಲೆ ಮಾತಾಡು ಅನ್ನುತ್ತಿದ್ದ” ಎಂದರು ಸುಬೇದಾರರು. ರಜೆಯಲ್ಲಿ ಬಂದಾಗ ಆ ನರ್ಸಿಂಗ್ ಅಸಿಸ್ಟೆಂಟ್ ಊರಿನ ಹುಡುಗರನ್ನು ಇದೇ ತಂಗುದಾಣದಲ್ಲಿ ಕೂರಿಸಿಕೊಂಡು ಪಟ್ಟಿ ಕಟ್ಟುವುದನ್ನು ಕಲಿಸುತ್ತಿದ್ದರಂತೆ. ಕಾಶ್ಮೀರದ ಕಾರ್ಯಾಚರಣೆಯೊಂದರಲ್ಲಿ, ಕಾಲಿಗೆ ಗುಂಡು ತಗಲಿದ ಜವಾನನಿಗೆ ಪಟ್ಟಿ ಬಿಗಿಯುತ್ತಿದ್ದಾಗಲೇ ಅವರು ಮಡಿದರು. ಆ ಜವಾನ ಬದುಕಿದರು. ಇದನ್ನು ಅಕ್ಕ ಬ್ರಷ್ ನಿಲ್ಲಿಸದೆ, ಕಲ್ಲಿನ ಕಡೆಗೇ ಮುಖ ಮಾಡಿ ಹೇಳಿದರು. ನಾನು ಮತ್ತೇನೂ ಕೇಳಲಿಲ್ಲ.

ತಂಗುದಾಣದ ಒಳಗೋಡೆಗೆ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿದೆ. ಅದಕ್ಕೆ ಬೀಗವಿಲ್ಲ. ಹತ್ತಿ, ಪಟ್ಟಿ, ಗಾಯದ ಮುಲಾಮುಗಳ ಜೊತೆ ಒಂದು ಸೀಸೆಯಲ್ಲಿ ಉಪ್ಪು ಇತ್ತು. “ಮಳೆಗಾಲದಲ್ಲಿ ಶಾಲೆ ಮಕ್ಕಳಿಗೆ ಉಪ್ಪೇ ಹೆಚ್ಚು ಬೇಕು” ಎಂದ ಅಕ್ಕ ನನ್ನ ಕಾಲನ್ನು ತೋರಿಸಿದರು. ಕಾಲುಚೀಲದ ಅಂಚಿನಲ್ಲಿ ಜಿಗಣೆಯೊಂದು ಆಗಲೇ ಕುಡಿದು ದಪ್ಪಗಾಗಿತ್ತು. ಉಪ್ಪು ಬಿದ್ದೊಡನೆ ಅದು ಕಳಚಿತು, ರಕ್ತ ಮಾತ್ರ ನಿಲ್ಲಲಿಲ್ಲ. ಜಿಗಣೆಯ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಷ್ಟೇ. ಅಕ್ಕ ಹತ್ತಿಯ ಉಂಡೆಯೊಂದನ್ನು ನನ್ನ ಕೈಗಿತ್ತು, ಬಣ್ಣ ಒಣಗುವ ಮುನ್ನ ನೀರು ಬೀಳದಂತೆ ಕಲ್ಲಿಗೆ ಪ್ಲಾಸ್ಟಿಕ್ ಹೊದಿಸಲು ಹೊರಗೆ ಹೋದರು. ಸುಬೇದಾರರು ನನ್ನ ಕೈಯನ್ನೇ ನೋಡುತ್ತ, “ಒರೆಸಬೇಡಿ ಸರ್, ಒತ್ತಿ ಹಿಡಿಯಿರಿ” ಎಂದರು.

ಮಡಿಕೇರಿಯ ಕೊನೆಯ ಬಸ್ಸು ಬಂದಾಗಲೂ ಒತ್ತಿಯೇ ಹಿಡಿದಿದ್ದೆ. ಟಿಕೆಟ್ಟಿನ ಚಿಲ್ಲರೆಯನ್ನು ಎಡಗೈಯಲ್ಲೇ ಕೊಟ್ಟಿದ್ದಕ್ಕೆ ನಿರ್ವಾಹಕರು ಒಮ್ಮೆ ಗುರುಗುಟ್ಟಿ, ಕಾಲನ್ನು ನೋಡಿ ಸುಮ್ಮನಾದರು.